ಇಳಿದ ಮೈ, ಏರಿದ ಸಂಶಯ

ದಪ್ಪಗಿರುವವನ ಕ್ಷೇಮವನ್ನು ಯಾರೂ ವಿಚಾರಿಸುವುದಿಲ್ಲ. ಅವನ ಕ್ಷೇಮ ಅವನಿಗಿಂತ ಒಂದು ಗೇಣು ಮುಂದಾಗಿ ತಾನೇ ನಡೆದು ಬರುತ್ತಿರುತ್ತದೆ. ಅಂಗಿಯ ಗುಂಡಿಗಳು ಅದಕ್ಕೆ ಸಾಕ್ಷಿ ಹೇಳುತ್ತಿರುತ್ತವೆ. ಹುಟ್ಟಾ ತೆಳ್ಳಗಿರುವವನನ್ನೂ ಯಾರೂ ಕೇಳುವುದಿಲ್ಲ, ಅವನು ಇರುವುದೇ ಹಾಗೆ ಎಂದು ಊರಿಗೆ ಗೊತ್ತು. ಆದರೆ ಪ್ರಿಯ ಓದುಗರೇ, ದಪ್ಪಗಿದ್ದು ತೆಳ್ಳಗಾದವನ ಪಾಡು ಮಾತ್ರ ಹಗೆಗೂ ಬೇಡ. ನಮ್ಮ ವಿಜಯಪುರದಲ್ಲಿ ಅಂಥವನು ಹಾಲು ತರಲು ಹೋದರೂ ನಾಲ್ಕು ಕಡೆ ನಿಂತು, ತಾನು ಸದ್ಯಕ್ಕೆ ಸಾಯುವವನಲ್ಲವೆಂದು ವಿವರಣೆ ಕೊಟ್ಟೇ ಮನೆ ಸೇರಬೇಕು.

ನಾನು ಕನ್ನಡ ಎಂ.ಎ. ಮಾಡಿ ಸೊಲ್ಲಾಪುರ ರಸ್ತೆಯಲ್ಲಿ ಹನಿ ನೀರಾವರಿಯ ಪೈಪು ಮಾರುವವನು. ಅಲಂಕಾರಶಾಸ್ತ್ರಕ್ಕೂ ಪೈಪಿಗೂ ಏನು ಸಂಬಂಧವೆಂದು ಕೇಳಬೇಡಿ. ಎರಡರಲ್ಲೂ ಒಳಗೆ ಏನಾದರೂ ಹರಿದರಷ್ಟೇ ಬೆಲೆ. ಅಂಗಡಿಯ ಗಾದಿಯ ಮೇಲೆ ಕುಳಿತು, ಎದುರಿನ ಬಂಡಿಯ ಮಿರ್ಚಿ ಭಜಿಯನ್ನು ಹೊತ್ತುಹೊತ್ತಿಗೆ ಆಸ್ವಾದಿಸುತ್ತ, ವರ್ಷದಿಂದ ವರ್ಷಕ್ಕೆ ನಾನು ಸರ್ವತೋಮುಖವಾಗಿ ಬೆಳೆಯುತ್ತ ಹೋದೆ. ವ್ಯಾಪಾರಕ್ಕೆ ಅದರಿಂದ ಹಾನಿಯೇನೂ ಆಗಲಿಲ್ಲ. ತಿಕೋಟಾ ಕಡೆಯ ದ್ರಾಕ್ಷಿ ಬೆಳೆಗಾರರು ಪೈಪನ್ನು ಬಗ್ಗಿಸಿ ನೋಡುವ ಮೊದಲು ನನ್ನನ್ನೊಮ್ಮೆ ನೋಡಿ, ಈ ಅಂಗಡಿಯ ಮಾಲು ಗಟ್ಟಿ ಎಂದು ತೀರ್ಮಾನಿಸಿಬಿಡುತ್ತಿದ್ದರು.

ಈ ಸುಭಿಕ್ಷ ಕಾಲಕ್ಕೆ ಕಂಟಕ ಹುಟ್ಟಿದ್ದು ನನ್ನ ಮನೆಯಲ್ಲೇ. ಮಗಳು ದಾನೇಶ್ವರಿ ತಿಕೋಟಾದ ಒಂದು ಶಾಲೆಯಲ್ಲಿ ದೈಹಿಕ ಶಿಕ್ಷಣದ ಶಿಕ್ಷಕಿ. ಇಡೀ ದಿನ ಮಕ್ಕಳನ್ನು ಓಡಿಸಿ, ಸಂಜೆಯ ಬಸ್ಸಿಗೆ ವಿಜಯಪುರದ ಇಬ್ರಾಹಿಂಪುರ ಬಡಾವಣೆಯ ಮನೆಗೆ ಬಂದರೆ ಎದುರಿಗೆ ಕಾಣುವುದು ಓಡದ, ಓಡುವ ಲಕ್ಷಣವೂ ಇಲ್ಲದ ಅಪ್ಪ. ಒಮ್ಮೆ ನನ್ನ ತಮ್ಮನ ಮಗನ ಮದುವೆಯಲ್ಲಿ ಅಕ್ಷತೆ ಹಾಕುವ ಹೊತ್ತಿಗೆ ನಿಲ್ಲಲಾರದೆ ನಾನು ಕುರ್ಚಿ ತರಿಸಿಕೊಂಡು ಕುಳಿತೆ. ಫೋಟೋದಲ್ಲಿ ಎಲ್ಲರೂ ನಿಂತಿದ್ದಾರೆ, ನಾನೊಬ್ಬ ತೀರ್ಪು ಹೇಳಲು ಬಂದವನಂತೆ ಕುಳಿತಿದ್ದೇನೆ. ಮನೆಗೆ ಬಂದ ಮೇಲೆ ಅವಳು ನನ್ನ ಮುಂದೆ ನಿಂತಳು.

“ಅಪ್ಪಾ, ಊರಿಗೆ ಒಂದ ಗುಮ್ಮಟ ಸಾಕು. ನನ್ನ ಮದುವ್ಯಾಗ ನೀ ಎದ್ದ ನಿಂತು ಅಕ್ಕಿಕಾಳು ಹಾಕಬೇಕು ನೋಡು. ಕುರ್ಚಿ ಕೇಳಿದಿ ಅಂದ್ರ ನಾ ಮದುವಿನ ಆಗಂಗಿಲ್ಲ.”

ವೈದ್ಯರೂ ಇದನ್ನೇ ಹೇಳಿದ್ದರು. ಆದರೆ ವೈದ್ಯರ ಮಾತನ್ನು ದವಾಖಾನೆಯ ಬಾಗಿಲಲ್ಲೇ ಬಿಟ್ಟುಬರಬಹುದು, ಮಗಳ ಮಾತು ಮನೆತನಕ ಬರುತ್ತದೆ, ಬೆಳಗಾಗುವ ಮೊದಲೇ ಹೊದಿಕೆಯನ್ನೂ ಎಳೆಯುತ್ತದೆ. ಮೊದಲ ದಿನ ರೈಲು ಹಳಿಯ ಪಕ್ಕದ ರಸ್ತೆಯಲ್ಲಿ ನಡೆಯತೊಡಗಿದಾಗ ಗೂಡ್ಸ್ ಗಾಡಿಯೊಂದು ಹೊರಟಿತ್ತು. ಅದರ ಕೊನೆಯ ಡಬ್ಬಿ ನನ್ನನ್ನು ದಾಟುವ ಮೊದಲೇ ನಾನು ಕಲ್ಲೊಂದರ ಮೇಲೆ ಕುಳಿತಾಗಿತ್ತು. ರೊಟ್ಟಿಗಳು ಒಂದೊಂದಾಗಿ ತಾಟಿನಿಂದ ವಲಸೆ ಹೋದವು. ತುಪ್ಪ ಕೇವಲ ಸ್ಮೃತಿಯಾಯಿತು. ಎದುರಿನ ಬಂಡಿಯ ಭಜಿಯವನು ನನಗೇನೋ ತನ್ನ ಮೇಲೆ ಸಿಟ್ಟು ಬಂದಿದೆ ಎಂದುಕೊಂಡು ಎರಡು ಸಲ ಬಂದು ಕ್ಷಮೆ ಕೇಳಿದ.

ನಾನು ಮೊದಮೊದಲು ಮಗಳನ್ನು ಬೈದುಕೊಂಡೇ ನಡೆದೆ, ಆಮೇಲೆ ರೂಢಿಯಿಂದ ನಡೆದೆ, ಕೊನೆಗೆ ನಾಚಿಕೆಯಿಲ್ಲದೆ ಹೇಳುತ್ತೇನೆ, ಸಂತೋಷದಿಂದ ನಡೆದೆ. ವರ್ಷ ಕಳೆದು ಮತ್ತೊಂದು ಬೇಸಿಗೆ ಬರುವುದರೊಳಗೆ ತೊರವಿಯ ತನಕ ಹೋಗಿ ಬಂದರೂ ಉಸಿರು ಜಾಗದಲ್ಲೇ ಇರುತ್ತಿತ್ತು. ಮೈಯಿಂದ ಹತ್ತಿರ ಹತ್ತಿರ ಅರ್ಧ ಚೀಲ ಜೋಳದಷ್ಟು ಭಾರ ಇಳಿದಿತ್ತು. ಎಷ್ಟೋ ವರ್ಷಗಳ ಅಗಲಿಕೆಯ ನಂತರ ಒಂದು ಬೆಳಿಗ್ಗೆ ಸ್ನಾನ ಮಾಡುವಾಗ ನನ್ನ ಪಾದಗಳು ನನಗೆ ಕಂಡವು. ನಾವು ಪರಸ್ಪರ ಗುರುತು ಹಿಡಿಯಲು ಸ್ವಲ್ಪ ಹೊತ್ತು ಬೇಕಾಯಿತು.

ಇಲ್ಲಿಗೆ ಕಥೆ ಮುಗಿದಿದ್ದರೆ ನಾನು ಸುಖಿ. ಆದರೆ ಮೈ ಇಳಿದಂತೆ ಬಟ್ಟೆ ಇಳಿಯಲಿಲ್ಲ. ಹೊಸ ಅಂಗಿ ಹೊಲಿಸುತ್ತೇನೆಂದರೆ ಹೆಂಡತಿ ಒಪ್ಪಲಿಲ್ಲ. ಗಂಡನ ಕಾಯ ನಶ್ವರ, ಅರಿವೆ ಶಾಶ್ವತ ಎಂಬುದು ಅವಳ ಸಿದ್ಧಾಂತ. “ಇದ ಮೈ ಕಾಯಂ ಇರ್ತೈತಿ ಅಂತ ಏನ್ ಗ್ಯಾರಂಟಿರಿ? ದೀಪಾವಳಿ ಕರದಂಟು ಬಂದ್ರ ಮತ್ತ ತುಂಬ್ಕೋತೀರಿ. ಛಲೋ ಛಲೋ ಅರಿವಿ ಯಾರಿಗೆ ಕೊಡೂದು?” ಎಂದಳು. ತನ್ನ ಅಡುಗೆಯನ್ನು ತಿಂದು ಬೆಳೆದ ದೇಹ ತನ್ನನ್ನು ಕೇಳದೆ ಹೋಯಿತೆಂಬ ಸಣ್ಣ ಮುನಿಸೂ ಅದರಲ್ಲಿತ್ತು. ಹೀಗಾಗಿ ನಾನು ಹಳೆಯ ಅಂಗಿಯೊಳಗೆ ಬಾಡಿಗೆಗಿದ್ದವನಂತೆ, ಪ್ಯಾಂಟನ್ನು ಬೆಲ್ಟಿನಿಂದ ಚೀಲದ ಬಾಯಿಯಂತೆ ಬಿಗಿದುಕೊಂಡು ಊರೆಲ್ಲ ಓಡಾಡಿದೆ. ನೋಡಿದವರು ತಮ್ಮ ತಮ್ಮ ಭಾವಕ್ಕೆ ತಕ್ಕಂತೆ ಅರ್ಥೈಸಿದರು. ಕೆಲವರು ಸಕ್ಕರೆ ಕಾಯಿಲೆ ಎಂದರು, ಕೆಲವರು ಅಂಗಡಿ ಮುಳುಗಿದೆ ಎಂದರು, ಕರುಣಾಳುಗಳಾದ ಇನ್ನು ಕೆಲವರು ಏನೂ ಅನ್ನದೆ ನನ್ನ ಕೈಯನ್ನು ಎರಡೂ ಕೈಗಳಲ್ಲಿ ಹಿಡಿದು ನಿಟ್ಟುಸಿರು ಬಿಟ್ಟರು.

ಅದೇ ಹೊತ್ತಿಗೆ ದಾನೇಶ್ವರಿಗೆ ಬಬಲೇಶ್ವರದಿಂದ ಸಂಬಂಧ ಬಂತು. ಹುಡುಗ ತಿಕೋಟಾದಲ್ಲಿ ದ್ರಾಕ್ಷಿ ಒಣಗಿಸಿ ಮಣೂಕ ಮಾಡುವ ಶೆಡ್ಡು ನಡೆಸುತ್ತಾನೆ. ಅವನ ಅಣ್ಣನ ಮಗಳು ಇವಳ ಶಾಲೆಯಲ್ಲೇ ಓದುವುದು. ಮಗಳಂಥ ಆ ಹುಡುಗಿಯ ಓಟದ ಪಂದ್ಯಗಳಿಗೆ ಈ ಚಿಕ್ಕಪ್ಪ ತಪ್ಪದೆ ಹಾಜರಾಗುತ್ತಿದ್ದನೆಂದೂ, ಅವನ ದೃಷ್ಟಿ ಸದಾ ಓಡುವವರ ಮೇಲೆಯೇ ಇರುತ್ತಿರಲಿಲ್ಲವೆಂದೂ ನಮಗೆ ಆಮೇಲೆ ತಿಳಿಯಿತು. ಮಗಳಿಗೂ ಅವನು ಒಪ್ಪಿಗೆ. ಅವಳು ಬಾಯಿ ಬಿಟ್ಟು ಹೇಳಲಿಲ್ಲ, ಆದರೆ ಆ ವಾರ ನನಗೆ ಬೆಳಗಿನ ನಡಿಗೆಯಿಂದ ಒಂದು ದಿನ ರಜೆ ಕೊಟ್ಟಳು. ಅಷ್ಟು ಸಾಕಿತ್ತು.

ಅವರು ಬಂದು ಹುಡುಗಿಯನ್ನು ನೋಡಿ, ಚಹಾ ಕುಡಿದು, ನಗುನಗುತ್ತ ಹೋದರು. ಆಮೇಲೆ ಸುದ್ದಿಯಿಲ್ಲ. ನಡುವಿನ ಮಾತುಕತೆಗೆ ನಿಂತಿದ್ದವನು ನಮ್ಮ ಪಕ್ಕದ ಮೋಟಾರು ರಿಪೇರಿ ಅಂಗಡಿಯ ಮಲ್ಲಣ್ಣ. ಅವನೇ ಕೊನೆಗೊಂದು ದಿನ ಮುಖ ಸಪ್ಪಗೆ ಮಾಡಿಕೊಂಡು ಮನೆಗೆ ಬಂದ.

“ಸಾವಕಾರ್ರ, ಅವರು ನಿಮ್ಮನ್ನ ಹಿಂದಕ ಯಾವುದೋ ಮದುವ್ಯಾಗ ನೋಡಿದ್ರಂತ. ಅಂಥಾ ಮನಷ್ಯಾ ಇಷ್ಟ ಹೆಂಗ ಇಳದ್ರು ಅಂತ ಸೊಲ್ಲಾಪುರ ರೋಡಿನ್ಯಾಗ ವಿಚಾರಣಿ ಮಾಡ್ಯಾರ. ನಮ್ಮ ಮಂದಿ ನಿಮ್ಮ ಬಗ್ಗೆ ಭಾಳ ಛಲೋ ಹೇಳ್ಯಾರ್ರಿ. ಪಾಪ, ದೇವರಂಥಾ ಮನಷ್ಯಾ, ಇನ್ನ ಎಷ್ಟ ದಿನಾನೋ ಅಂದಾರ.”

ಜಡ್ಡಿಗಿಂತ ಹೆಚ್ಚಾಗಿ, ಜಡ್ಡನ್ನು ಮುಚ್ಚಿಟ್ಟು ಹುಡುಗಿ ಕೊಡುತ್ತಿದ್ದೇವೆಂಬ ಸಂಶಯ ಅವರನ್ನು ತಡೆದಿತ್ತು. ಹೆಂಡತಿ ಕೂಡಲೇ, ಡಾಕ್ಟರ ರಿಪೋರ್ಟು ತೋರಿಸಿದರಾಯಿತಲ್ಲ ಎಂದಳು. ಮಲ್ಲಣ್ಣ ಅವಳನ್ನು ಕನಿಕರದಿಂದ ನೋಡಿದ. “ಅಕ್ಕಾರ, ರಿಪೋರ್ಟ ತೋರಿಸಿದ್ರ ಖಾತ್ರಿನ ಆಗಿಬಿಡ್ತೈತಿ. ಜಡ್ಡ ಇಲ್ಲದಾಂವ ರಿಪೋರ್ಟ ಯಾಕ ಇಟ್ಕೋತಾನ?” ಒಳಗಿನ ಕೋಣೆಯಲ್ಲಿ ದಾನೇಶ್ವರಿ ಗೋಡೆಗೆ ಮುಖ ಮಾಡಿ ಕುಳಿತಿದ್ದಳು. “ನಾನ ನಿನ್ನ ಇಳಿಸಿ ನಾನ ಕೆಡಿಸ್ಕೊಂಡೆ ನೋಡಪ್ಪಾ” ಎಂದು ನಗಲು ನೋಡಿದಳು, ಆಗಲಿಲ್ಲ. ಇಳಿದ ಪ್ರತಿಯೊಂದು ಸೇರನ್ನೂ ಆ ಕ್ಷಣವೇ ಮರಳಿ ಹೊತ್ತುಕೊಳ್ಳಲು ನಾನು ಸಿದ್ಧನಿದ್ದೆ.

ಉಪಾಯ ಹೇಳಿದವನೂ ಮಲ್ಲಣ್ಣನೇ. ನಮ್ಮ ಸೀಮೆಯಲ್ಲಿ ಆರೋಗ್ಯದ ಪ್ರಮಾಣಪತ್ರ ಕೊಡುವುದು ದವಾಖಾನೆಯಲ್ಲ, ತಾಟು. ಬೀಗರ ಮನೆಯಲ್ಲಿ ಕುಳಿತು ಅವರು ಹಾಕಿದ್ದನ್ನೆಲ್ಲ ಉಂಡು, ಮತ್ತೆ ಕೇಳಿ ಹಾಕಿಸಿಕೊಂಡು ಉಂಡವನಿಗೆ ಯಾವ ರೋಗವೂ ಇಲ್ಲವೆಂದು ಸಿದ್ಧವಾದಂತೆ. ಮನೆ ನೋಡುವ ನೆಪದಲ್ಲಿ ನಾನು, ಹೆಂಡತಿ, ಮಲ್ಲಣ್ಣ ಮೂವರೂ ಬಬಲೇಶ್ವರಕ್ಕೆ ಹೋಗುವುದೆಂದಾಯಿತು. ಹೊರಡುವಾಗ ದಾನೇಶ್ವರಿ ನನ್ನ ಅಂಗಿಯ ಹೆಗಲನ್ನು ಸರಿಮಾಡಿ, “ಇವತ್ತೊಂದ ದಿನ ಎಷ್ಟ ಹಾಕಿದ್ರೂ ಉಣ್ಣಪ್ಪಾ. ಬ್ಯಾಡ ಅನಬ್ಯಾಡ” ಎಂದಳು. ನನ್ನ ತಾಟಿನಿಂದ ನಿರ್ದಯವಾಗಿ ರೊಟ್ಟಿ ಎತ್ತಿಡುತ್ತಿದ್ದ ಹುಡುಗಿಯ ಬಾಯಲ್ಲಿ ಈ ಮಾತು ಕೇಳಿ ನಾನು ಬೆಲ್ಟನ್ನು ಒಂದು ತೂತು ಸಡಿಲ ಮಾಡಿಕೊಂಡು ಹೊರಟೆ.

ಬಬಲೇಶ್ವರದ ಆ ತೋಟದ ಮನೆಯಲ್ಲಿ ಹುಡುಗನ ತಂದೆಯವರನ್ನು ಕಂಡಾಗ ನನಗೆ ಕನ್ನಡಿಯಲ್ಲಿ ನನ್ನ ಗತವೈಭವವನ್ನು ಕಂಡಂತಾಯಿತು. ಅದೇ ಉದರ, ಅದೇ ನಿಟ್ಟುಸಿರು, ಕೂರುವ ಮೊದಲು ಕುರ್ಚಿಯನ್ನು ಪರೀಕ್ಷಿಸುವ ಅದೇ ಅನುಭವಸ್ಥ ದೃಷ್ಟಿ. ಊಟಕ್ಕೆ ಕೂತೆವು. ಹೋಳಿಗೆ, ಅದರ ಮೇಲೆ ತುಪ್ಪ, ಎಣ್ಣೆಗಾಯಿ, ಕಟ್ಟಿನ ಸಾರು. ಒಂದು ಹೋಳಿಗೆ ಉಂಡೆ. ಅಮೃತ. ಇನ್ನೊಂದನ್ನು ಉಂಡೆ, ಅದೂ ಅಮೃತವೇ, ಆದರೆ ಸ್ವಲ್ಪ ಭಾರವಾದ ಅಮೃತ. ಮೂರನೆಯದಕ್ಕೆ ಬಂದಾಗ ಒಳಗಿನಿಂದ ಬಾಗಿಲು ಹಾಕಿಕೊಂಡಿತು. ವರ್ಷವಿಡೀ ಮಗಳು ಕಲಿಸಿದ ಪಾಠವನ್ನು ನನ್ನ ಹೊಟ್ಟೆ ನನಗಿಂತ ನಿಷ್ಠೆಯಿಂದ ಕಲಿತುಬಿಟ್ಟಿತ್ತು. ನುಂಗಲಾರೆ, ಉಗುಳಲಾರೆ. ಹುಡುಗನ ತಾಯಿ ಮತ್ತೊಂದು ಹೋಳಿಗೆ ಹಿಡಿದು ಬಂದಾಗ ನನ್ನ ಕೈ ನನ್ನನ್ನು ಕೇಳದೆಯೇ ತಾಟಿನ ಮೇಲೆ ಅಡ್ಡ ಹೋಯಿತು.

ಆಕೆ ನಿಂತಲ್ಲೇ ನಿಂತರು. “ಯಾಕ್ರೀ ಅಣ್ಣಾರ, ಉಣ್ಣಾಕ ಆಗಂಗಿಲ್ಲೇನ್ರಿ?”

ಆ ದನಿಯಲ್ಲಿ ಕೋಪವಿರಲಿಲ್ಲ, ಮರುಕವಿತ್ತು. ಅದೇ ಭಯಂಕರ. ಮಲ್ಲಣ್ಣ ತಾಟಿನ ಮರೆಯಲ್ಲಿ ನನ್ನ ಮೊಣಕಾಲನ್ನು ಗುದ್ದಿದ. ಹೆಂಡತಿ ತಲೆ ತಗ್ಗಿಸಿದಳು. ಸಂಬಂಧ ಮುರಿಯಿತೆಂದು ನಾನು ಅಲ್ಲಿಯೇ ಲೆಕ್ಕ ಹಾಕಿ, ಮಗಳ ಮುಂದೆ ಹೇಗೆ ನಿಲ್ಲಲಿ ಎಂದು ಯೋಚಿಸತೊಡಗಿದೆ.

ಕೈ ತೊಳೆದ ಮೇಲೆ ಯಜಮಾನರು ಸೌಜನ್ಯಕ್ಕೆ, “ದ್ರಾಕ್ಷಿ ತ್ವಾಟಾ ನೋಡಿ ಬರೂಣು ಬರ್ರಿ” ಎಂದರು. ಆಕೆ ಒಳಗಿನಿಂದ, “ಅವರನ್ನ ಭಾಳ ನಡಸಬ್ಯಾಡ್ರಿ, ಮೊದಲ ಹುಷಾರಿಲ್ಲ” ಎಂದರು. ನಾವಿಬ್ಬರೇ ಹೊರಟೆವು. ತಗ್ಗಾದ ದ್ರಾಕ್ಷಿ ಚಪ್ಪರದಡಿ ಬಗ್ಗಿ ನಡೆಯಬೇಕು. ನಾನು ಬಗ್ಗಿದೆ. ಐದು ಹೋಳಿಗೆ ಉಂಡಿದ್ದ ಅವರೂ ಬಗ್ಗಿದರು, ಆದರೆ ಹೋಳಿಗೆಗಳು ಬಗ್ಗಲಿಲ್ಲ. ಸಾಲುಗಳ ನಡುವೆ ಅಷ್ಟು ದೂರ ಹೋಗುವುದರಲ್ಲಿ ಅವರು ಎದೆ ಹಿಡಿದುಕೊಂಡು ಬದುವಿನ ಮೇಲೆ ಕುಸಿದು ಕುಳಿತರು. ಮುಖವೆಲ್ಲ ಬೆವರು, ಮಾತಿಲ್ಲ, ಕೈಯಿಂದ ನೀರು ನೀರು ಎಂದು ಸನ್ನೆ ಮಾಡಿದರು.

ಬೀಗಸ್ತನ ಮಣ್ಣುಪಾಲಾಗಲಿ, ಮನುಷ್ಯ ಉಳಿದರೆ ಸಾಕು ಎಂದು ಓಡಿದೆ. ಒಂದು ಕೈಯಲ್ಲಿ ಜಾರುವ ಪ್ಯಾಂಟು ಹಿಡಿದು, ಬದು ಜಿಗಿದು, ಕಾಲುವೆ ಜಿಗಿದು ಓಡಿದೆ. ಅಂಗಳಕ್ಕೆ ಬಂದು “ನೀರ್ರಿ, ಲಗೂ ನೀರ್ರಿ!” ಎಂದು ಕೂಗಿದಾಗ, ನನಗೇ ಕೊನೆಗಾಲ ಬಂತೆಂದು ಹುಡುಗನ ತಾಯಿ ತಂಬಿಗೆಯನ್ನು ನನ್ನ ಬಾಯಿಗೇ ಹಿಡಿದರು. ಅದನ್ನು ಕಸಿದುಕೊಂಡು “ನಿಮ್ಮ ಮನಿಯವರಿಗ್ರಿ” ಎನ್ನುತ್ತ ಬಂದ ದಾರಿಯಲ್ಲೇ ಮತ್ತೆ ಓಡಿದೆ. ಆಕೆಯೂ ಸೆರಗು ಕಟ್ಟಿ ಹಿಂದೆ ಓಡಿ ಬಂದರು, ಬಹಳ ಹಿಂದೆ ಉಳಿದರು.

ನೀರು ಕುಡಿದ ಯಜಮಾನರು ದೀರ್ಘವಾಗಿ ತೇಗಿ ಕಣ್ಣು ಬಿಟ್ಟರು. ಬರೀ ಏದುಸಿರು ಮತ್ತು ಹೋಳಿಗೆ, ಪುಣ್ಯಕ್ಕೆ ಬೇರೇನಲ್ಲ. ಏದುತ್ತ ಬಂದ ಆಕೆ ಗಂಡನನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ಒಬ್ಬರು ಇನ್ನೂ ಮಣ್ಣಿನ ಮೇಲೆ ಕುಳಿತು ಒದ್ದಾಡುತ್ತಿದ್ದಾರೆ, ಸಾಯಲಿರುವವನೆಂದು ಖ್ಯಾತನಾದ ಇನ್ನೊಬ್ಬ ನೆಟ್ಟಗೆ ನಿಂತು ಗಾಳಿ ಹಾಕುತ್ತಿದ್ದಾನೆ.

“ಎದಿ ಹಾರವಲ್ದೇನ್ರಿ ನಿಮಗ?”

“ಇಲ್ರಿ.”

“ಜಡ್ಡಿನ ಮನಷ್ಯಾ ಹಿಂಗ ಓಡ್ತಾನೇನು! ಮತ್ತ ಹಿಂಗ್ಯಾಕ ಇಳದೀರಿ? ಯಾರ್ ಇಳಿಸಿದ್ರು?”

“ಮಗಳ್ರಿ” ಎಂದೆ. ಹೆಮ್ಮೆಯಿಂದಲೇ ಎಂದೆ.

ಆಕೆ ಗಂಡನ ಪಕ್ಕದಲ್ಲಿ ಬದುವಿನ ಮೇಲೆ ಕುಳಿತು ಸೆರಗಿನಿಂದ ಅವರ ಮುಖದ ಬೆವರು ಒರೆಸಿದರು. ಮರುದಿನ ಮಲ್ಲಣ್ಣನ ಫೋನಿಗೆ ಒಪ್ಪಿಗೆ ಬಂತು.

ನನ್ನ ದೇಹ ನನ್ನ ಸ್ವಯಾರ್ಜಿತ ಆಸ್ತಿಯೆಂದು ನಾನು ಇಷ್ಟು ವರ್ಷ ತಿಳಿದಿದ್ದೆ. ಅಲ್ಲ, ಅದು ಅವಿಭಕ್ತ ಕುಟುಂಬದ ಜಮೀನು. ಮಗಳಿಗೆ ಅದರಲ್ಲಿ ಪಾಲಿದೆ, ಅಡುಗೆ ಮಾಡಿದ ಹೆಂಡತಿಗೆ ಪಾಲಿದೆ, ಭಜಿಯವನಿಗೂ ಸೊಲ್ಲಾಪುರ ರಸ್ತೆಯ ಕರುಣಾಳುಗಳಿಗೂ ಗೇಣಿನಷ್ಟಾದರೂ ಪಾಲಿದೆ. ಅವರನ್ನು ಕೇಳದೆ ಒಂದು ಮೂಲೆ ಕಡಿದರೂ ತಕರಾರು ಏಳುತ್ತದೆ. ಪ್ರೀತಿಯಿಂದಲೇ ಏಳುತ್ತದೆ ಎಂಬುದು ಅದರ ದೊಡ್ಡ ತೊಂದರೆ.

ಮದುವೆ ಗೊತ್ತಾದ ಗುರುತಿಗೆ ನಮ್ಮ ಮನೆಯಲ್ಲಿ ಬಾಯಿಗೆ ಸಕ್ಕರೆ ಹಾಕುವ ಶಾಸ್ತ್ರವಾಯಿತು. ಅಂದು ನನ್ನ ಕ್ಷೇಮವನ್ನು ಯಾರೂ ವಿಚಾರಿಸಲಿಲ್ಲ. ಹೆಂಡತಿ ಕೊನೆಗೂ ಹಟ ಬಿಟ್ಟು ಹೊಸ ಅಂಗಿ ಹೊಲಿಸಿದ್ದಳು. ಸಕ್ಕರೆ ಹಂಚಿ ಮುಗಿದ ಮೇಲೆ ಹುಡುಗನ ತಾಯಿ ಎದ್ದು, “ನಂದೊಂದ ಬೇಡಿಕಿ ಐತ್ರಿ” ಎಂದರು. ಹೆಂಡತಿ ನನ್ನ ತೋಳು ಹಿಡಿದಳು.

“ಬಂಗಾರ ಬ್ಯಾಡ್ರಿ, ಗಾಡಿ ಬ್ಯಾಡ್ರಿ. ನಿಮ್ಮ ಹುಡುಗಿ ನಮ್ಮ ಮನಿಗೆ ಬಂದಮ್ಯಾಲ ಇವರು ಅಕಿ ಎಬ್ಬಿಸಿದಾಗ ಏಳಬೇಕು, ಅಕಿ ನಡಸಿದಷ್ಟು ನಡೀಬೇಕು, ಅಕಿ ಹಾಕಿದಷ್ಟ ಉಣ್ಣಬೇಕು. ನನ್ನ ಮಾತು ಅಂತೂ ಕೇಳಲಿಲ್ಲ. ಇವತ್ತ ಹಿರ್ಯಾರ ಮುಂದ ಹೂಂ ಅಂತ ಹೇಳ್ಸಿ ಕೊಡ್ರಿ.” ಆಕೆಯ ಬೆರಳು ಗಂಡನ ಕಡೆಗಿತ್ತು.

ಬಾಯಿ ತುಂಬ ಸಕ್ಕರೆ ತುಂಬಿಕೊಂಡಿದ್ದ ಬೀಗರಿಗೆ ಇಲ್ಲ ಎನ್ನುವ ಅನುಕೂಲವಿರಲಿಲ್ಲ. ಅವರು ತಲೆಯಾಡಿಸಿದರು. ದಾನೇಶ್ವರಿ ತಗ್ಗಿಸಿದ್ದ ತಲೆಯನ್ನು ಸ್ವಲ್ಪವೇ ಎತ್ತಿ ಭಾವೀ ಮಾವನವರನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದಳು. ಆ ನೋಟದ ಅರ್ಥ ಅಲ್ಲಿದ್ದವರಲ್ಲಿ ನನಗೊಬ್ಬನಿಗೇ ಗೊತ್ತಿತ್ತು.

ಊಟದ ಪಂಕ್ತಿಯಲ್ಲಿ ಬೀಗರು ನನ್ನ ಪಕ್ಕದಲ್ಲೇ ಕುಳಿತರು. ಹೋಳಿಗೆಯ ಬುಟ್ಟಿ ತಮ್ಮನ್ನು ದಾಟಿ ಮುಂದೆ ಹೋಗುವುದನ್ನು ಕೊನೆಯ ತನಕ ನೋಡಿ, ನನ್ನ ಕಿವಿಯ ಹತ್ತಿರ ಬಾಗಿ ಮೆಲ್ಲಗೆ ಹೇಳಿದರು:

“ಬೀಗರ, ಅವತ್ತ ನೀವು ಓಡಬಾರದಿತ್ತರಿ.”