ಪಾಯಸ ಯಾರ ನಾಯಿ?

ಇವತ್ತು ಸಂಜೆ ಶ್ರೀರಂಗಪಟ್ಟಣದಿಂದ ಬರುವ ಬಸ್ಸಿನಲ್ಲಿ ಒಬ್ಬ ಗಂಡಸು ಟವೆಲ್ಲಿನಲ್ಲಿ ಸುತ್ತಿದ ನಾಯಿಮರಿಯೊಂದನ್ನು ತಬ್ಬಿಕೊಂಡು ಬಂದು ನನ್ನ ಪಕ್ಕ ಕೂತ. ಮರಿ ಮಳೆಯಲ್ಲಿ ತೊಯ್ದು ತೊಪ್ಪೆಯಾಗಿತ್ತು. ನೆಂದ ನಾಯಿಯ ವಾಸನೆ ನಿಮಗೆ ಗೊತ್ತೇ ಇದೆ. ಹಿಂದಿನ ಸೀಟಿನವರು ಸೆರಗನ್ನು ಮೂಗಿಗೆ ಹಿಡಿದರು. ಕಂಡಕ್ಟರು ಟಿಕೆಟ್ ಕೊಟ್ಟವನೇ ಬೇಗ ಮುಂದಕ್ಕೆ ಹೋದ. ನಾನು ಮಾತ್ರ ಕಣ್ಣು ಮುಚ್ಚಿ, ಮಲ್ಲಿಗೆ ಕೊಳ್ಳಲು ನಿಂತವಳ ಹಾಗೆ, ಎದೆ ತುಂಬ ಎಳೆದುಕೊಂಡೆ. ಕಣ್ಣು ಬಿಟ್ಟಾಗ ಆ ಮನುಷ್ಯ ಮರಿಯನ್ನು ಆಚೆ ತೊಡೆಗೆ ದಾಟಿಸಿಕೊಂಡಿದ್ದ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಾ ಇಷ್ಟು ವರ್ಷ ಕಳೆದ ನನ್ನನ್ನು ಯಾರೂ ಹಾಗೆ ಅನುಮಾನದಿಂದ ನೋಡಿರಲಿಲ್ಲ.

ಅವನಿಗೆ ಪಾಯಸದ ಕಥೆ ಹೇಳೋಣ ಅನ್ನಿಸಿತು. ಹೇಳಿದ್ದರೆ ಎದ್ದೇ ಹೋಗುತ್ತಿದ್ದನೇನೋ. ನಿಮಗೆ ಹೇಳುತ್ತೇನೆ.

ಪಾಯಸ ಎಂದರೆ ನಮ್ಮ ನಾಯಿ. ಹಾಗೆ ಈಗ ಧೈರ್ಯವಾಗಿ ಹೇಳುತ್ತಿದ್ದೇನೆ, ಅದು ಬದುಕಿದ್ದಾಗ ಹೇಳುತ್ತಿರಲಿಲ್ಲ. ನಮ್ಮದು ಚಿನಕುರಳಿ. ಮನೆಯಲ್ಲಿ ನಾನು ಮತ್ತು ನಮ್ಮತ್ತೆ. ಯಜಮಾನರಿಗೆ ನಾಗಮಂಗಲದಲ್ಲಿ ಕೆಲಸ. ಅವರು ವಾರಕ್ಕೊಮ್ಮೆ ಬರುವವರಾದ್ದರಿಂದ ಅವರ ಅಭಿಪ್ರಾಯವನ್ನು ನಾಯಿಯೂ ಕೇಳುತ್ತಿರಲಿಲ್ಲ. ಗೋಡೆಯಾಚೆ ಮನೆ ಬಡಗಿ ಮಂಜಾಚಾರ್ರದು. ಹದಿನೈದು ವರ್ಷದ ಹಿಂದೆ ಒಂದು ದಿನ ಕ್ವಾರಿಯಲ್ಲಿ ಬಂಡೆ ಸಿಡಿಸಿದ ಸದ್ದಿಗೆ ಹೆದರಿದ ಮರಿಯೊಂದು ಓಡಿಬಂದು, ಎರಡು ಮನೆಯ ನಡುವಿನ ಗೋಡೆಯಲ್ಲಿ ನೀರು ಹೋಗಲು ಬಿಟ್ಟಿದ್ದ ತೂತಿಗೆ ನುಗ್ಗಿ ಸಿಕ್ಕಿಕೊಂಡಿತು. ತಲೆ ನಮ್ಮ ಕಡೆ, ಬಾಲ ಅವರ ಕಡೆ. ಅತ್ತೆ ತಲೆಯ ಮುಂದೆ ಮನೆಯಲ್ಲಿ ಮಿಕ್ಕಿದ್ದ ಶಾವಿಗೆ ಪಾಯಸ ಇಟ್ಟರು. ಅದು ಸಿಕ್ಕಿಕೊಂಡೇ ನೆಕ್ಕಿ ಮುಗಿಸಿತು. ಅಷ್ಟರಲ್ಲಿ ಆಚಾರ್ರು ಆ ಕಡೆಯಿಂದ ನಾಲ್ಕು ಇಟ್ಟಿಗೆ ಒಡೆದು ಎಳೆದುಕೊಂಡರು. ತಿನ್ನಿಸಿದವರು ನಾವು, ಬಿಡಿಸಿದವರು ಅವರು. ನಮಗೆ ಅದು ಪಾಯಸವಾಯಿತು. ಗೋಡೆ ಒಡೆಸಿದ ವೀರ ಅಂತ ಅವರು ಭೀಮ ಎಂದು ಕರೆದರು. ನಾಯಿ ಎರಡೂ ಹೆಸರಿಗೆ ಓಗೊಡುತ್ತಾ ಎರಡೂ ಮನೆಯಲ್ಲಿ ಮುದ್ದೆ ತಿನ್ನುತ್ತಾ ಬೆಳೆಯಿತು.

ಒಡೆದ ಇಟ್ಟಿಗೆಯನ್ನು ಆಚಾರ್ರು ತಕ್ಷಣ ಕಟ್ಟಲಿಲ್ಲ. ಮೊದಲ ಮಳೆಗೇ ಅವರ ಬಚ್ಚಲ ನೀರೆಲ್ಲ ನಮ್ಮ ಅಂಗಳಕ್ಕೆ ಬಂತು. ಅತ್ತೆ ಒಂದು ಮಾತು ಅಂದರು, ಅವರು ಎರಡು ಅಂದರು, ಅಲ್ಲಿಗೆ ಮಾತು ನಿಂತಿತು. ವರ್ಷದೊಳಗೆ ತೂತು ಮುಚ್ಚಿತು, ಗೋಡೆಗೆ ಸುಣ್ಣವೂ ಆಯಿತು. ಮಾತು ಮಾತ್ರ ಶುರುವಾಗಲಿಲ್ಲ.

ಆದರೆ ಗೋಡೆ ಹಂಚಿಕೊಂಡು ಬದುಕುವವರು ಏನೂ ಹೇಳದೆ ಇರಲು ಸಾಧ್ಯವೇ? ಇಬ್ಬರೂ ನಾಯಿಗೆ ಹೇಳತೊಡಗಿದರು. ಬೆಳಿಗ್ಗೆ ಅತ್ತೆ ಜಗಲಿಯಲ್ಲಿ ಕೂತು, "ಪಾಯ್ಸ, ಕೆಲವ್ರು ಐದ್ ಗಂಟೆಗೇ ಸುತ್ಗೆ ಬಡೀತಾರೆ ಕಣ್ಲಾ, ಮನ್ಗಿರೋರು ಮನುಷ್ರಲ್ವಾ" ಅನ್ನುವರು. ನಾಯಿ ಎದ್ದು ಮೈ ಕೊಡವಿ ಆಚೆ ಮನೆಗೆ ಹೋಗುವುದು. ಗೋಡೆಯಾಚೆಯಿಂದ ಆಚಾರ್ರ ದನಿ ಬರುವುದು: "ಭೀಮ, ನಿದ್ದೆ ಬರ್ದಿದ್ದೋರ್ಗೆ ಸುತ್ಗೆ ಒಂದು ನೆಪ ಕಣ್ಲಾ." ನಾಳೆ ನಲ್ಲಿಯಲ್ಲಿ ನೀರು ಬರುವುದಿಲ್ಲ, ನಿಮ್ಮ ಹಸು ಹಗ್ಗ ಬಿಚ್ಚಿಕೊಂಡಿದೆ ಎಂಬಂಥ ಉಪಕಾರದ ಸುದ್ದಿಗಳೂ ಇದೇ ದಾರಿಯಲ್ಲಿ ಬರುತ್ತಿದ್ದವು. ಆಚಾರ್ರ ಹೆಂಡತಿ ತೀರಿಕೊಂಡ ದಿನ ಅತ್ತೆ ಗೇಟಿನ ಹತ್ತಿರ ಬಹಳ ಹೊತ್ತು ನಿಂತಿದ್ದು, ಕೊನೆಗೆ ನಾಯಿಯ ಬೆನ್ನು ತಟ್ಟಿ, "ಓಗ್ಲಾ, ಇವತ್ತು ಆ ಮನೇಲೇ ಮನೀಕೋ" ಎಂದು ಕಳಿಸಿದರು. ಅದು ಹದಿಮೂರು ದಿನ ಅಲ್ಲೇ ಮಲಗಿತು.

ತರಲೆ ಮಾಡಿದಾಗ ಮಾತ್ರ ಅದು ಯಾರ ನಾಯಿಯೂ ಅಲ್ಲ. ಕರೆಂಟಿನ ಮೀಟರು ನೋಡಲು ಬಂದವನ ಪ್ಯಾಂಟನ್ನು ಅದು ಕಚ್ಚಿ ಮೊಣಕಾಲಿನವರೆಗೆ ಸೀಳಿದಾಗ ನಾನು ಅತ್ಯಂತ ಸಭ್ಯವಾಗಿ ಅವನನ್ನು ಪಕ್ಕದ ಮನೆಗೆ ಕಳಿಸಿದೆ. ಅವರು ಅಷ್ಟೇ ಸಭ್ಯವಾಗಿ ನಮ್ಮ ಮನೆಗೆ ಕಳಿಸಿದರು. ಮೂರನೇ ಸಲಕ್ಕೆ ಅವನು, ಇದು ಯಾರದೆಂದು ನಾಯಿಯನ್ನೇ ಕೇಳುತ್ತೇನೆ ಎಂದು ತಿರುಗಿದ. ಅದು ಅವನ ಇನ್ನೊಂದು ಕಾಲನ್ನು ನೋಡುತ್ತಿತ್ತು.

ಹೋದ ವರ್ಷ ಪಾಯಸದ ಹಿಂಗಾಲು ಬಿದ್ದುಹೋಯಿತು. ಆಚಾರ್ರು ಹಲಗೆಗೆ ನಾಲ್ಕು ಗಾಲಿ ಹೊಡೆದು ಬಂಡಿಯೊಂದನ್ನು ಮಾಡಿದರು. ನಮ್ಮ ಬೀದಿ ಇಳಿಜಾರು. ನಾನು ಉತ್ತರಪತ್ರಿಕೆಯ ಹಿಂದೆ ಕೋನದ ಲೆಕ್ಕ ಹಾಕಿ, ಬ್ರೇಕು ಬೇಕಾಗುವುದಿಲ್ಲ ಎಂದು ತೀರ್ಪು ಕೊಟ್ಟೆ. ಲೆಕ್ಕ ಸರಿಯಾಗಿಯೇ ಇತ್ತು, ನಾಯಿಯ ತೂಕವನ್ನು ಸೇರಿಸಲು ಮರೆತಿದ್ದೆ, ಅಷ್ಟೆ. ಬೆಳಗಿನ ಹೊತ್ತು, ಊರಿನವರೆಲ್ಲ ಹಾಲಿನ ಕ್ಯಾನು ಹಿಡಿದು ಡೇರಿಯ ಮುಂದೆ ಸಾಲು ನಿಂತಿದ್ದಾಗ, ಪಾಯಸ ಬಂಡಿಯ ಮೇಲೆ ನೆಟ್ಟಗೆ ಕೂತು, ಕಿವಿ ಹಿಂದಕ್ಕೆ ಹಾರಿಸಿಕೊಂಡು ಇಳಿದು ಬಂತು. ಸಾಲು ಎರಡಾಗಿ ದಾರಿ ಬಿಟ್ಟಿತು. ಅದು ಹೋಗಿ ಡೇರಿಯ ಬಾಗಿಲಿಗೆ ಮುಟ್ಟಿ ನಿಂತಿತು. ಎಷ್ಟೊಂದು ಗತ್ತಿನಿಂದ ಬಂದಿತ್ತೆಂದರೆ ಕಾರ್ಯದರ್ಶಿ ಕುರ್ಚಿಯಿಂದ ಎದ್ದುಬಿಟ್ಟ. ಅವತ್ತು ಅತ್ತೆ ಈ ಕಡೆ, ಆಚಾರ್ರು ಆ ಕಡೆ ನಿಂತು ನಕ್ಕರು. ಬೇರೆ ಬೇರೆಯಾಗಿ.

ಆಮೇಲೆ ನಗುವಂಥದ್ದೇನೂ ಉಳಿಯಲಿಲ್ಲ. ಹೊಟ್ಟೆಯಲ್ಲಿ ಗಡ್ಡೆ ಬೆಳೆದಿತ್ತು. ಮುಟ್ಟಿದರೆ ಕೂಗುತ್ತಿತ್ತು, ನೀರು ಬಿಟ್ಟು ಏನೂ ಮುಟ್ಟುತ್ತಿರಲಿಲ್ಲ. ಪಾಂಡವಪುರದಿಂದ ಬಂದ ಪಶುವೈದ್ಯೆ ಬಹಳ ಹೊತ್ತು ನೋಡಿದರು. ಔಷಧಿ ಕೊಟ್ಟರೆ ನಮ್ಮ ಸಮಾಧಾನಕ್ಕೆ ಅಷ್ಟೆ, ಅದಕ್ಕೆ ನೋವು ತಪ್ಪುವುದಿಲ್ಲ, ಇಂಜೆಕ್ಷನ್ ಕೊಟ್ಟು ಮಲಗಿಸಿಬಿಡುವುದೇ ಒಳ್ಳೆಯದು ಎಂದರು. ಅದಕ್ಕೆ ನಾಯಿ ಸಾಕಿದವರ ಒಪ್ಪಿಗೆ ಬರವಣಿಗೆಯಲ್ಲಿ ಬೇಕು ಎಂದು ಹೇಳಿ, ಇದು ಯಾರ ನಾಯಿ ಎಂದು ಕೇಳಿದರು.

ಗೇಟಿನ ಈಚೆಯಿಂದ ಅತ್ತೆ, ಆಚೆಯಿಂದ ಆಚಾರ್ರು, ಒಂದೇ ಸಲಕ್ಕೆ "ನಮ್ದು" ಅಂದರು.

ಡಾಕ್ಟರಮ್ಮ ಇಬ್ಬರನ್ನೂ ನೋಡಿ, ಮಾತಾಡಿಕೊಂಡು ಫೋನು ಮಾಡಿ ಎಂದು ಹೋದರು. ನಮ್ಮ ಮನೆಗಳಿಗೆ ಅದೆಂಥ ಕಷ್ಟದ ಕೆಲಸವೆಂದು ಪಾಪ ಅವರಿಗೇನು ಗೊತ್ತು.

ಎರಡು ದಿನ ಕಳೆಯಿತು. ಮೂರನೇ ದಿನ ಬೆಳಿಗ್ಗೆ ಅತ್ತೆ ಗೋಣಿಚೀಲದ ಮೇಲೆ ಮಲಗಿದ್ದ ನಾಯಿಯ ಪಕ್ಕ ಕೂತು, "ಪಾಯ್ಸ, ಆ ಡಾಕ್ಟ್ರಮ್ಮ ಏನೇಳುದ್ಲು ಅಂದ್ರೆ" ಎಂದು ಶುರು ಮಾಡಿ ಅಲ್ಲಿಗೇ ನಿಲ್ಲಿಸಿದರು. ಸುದ್ದಿ ಒಯ್ಯುವ ಅಭ್ಯಾಸ ಅದಕ್ಕೆ. ಮುಂದಿನ ಮಾತಿಗಾಗಿ ಕಿವಿ ಎತ್ತಿಕೊಂಡು ಕಾಯುತ್ತಿತ್ತು. ಅಷ್ಟರಲ್ಲಿ ಆಚಾರ್ರು ಬಂದು ಕುಕ್ಕರಗಾಲಲ್ಲಿ ಕೂತು "ಭೀಮ" ಅಂದರು. ಅವರೂ ಅಷ್ಟಕ್ಕೇ ಬಿಟ್ಟು ಗೋಣಿಚೀಲದ ಅಂಚು ಎಳೆದು ಸರಿಮಾಡತೊಡಗಿದರು. ನಾಯಿ ಇವರನ್ನೊಮ್ಮೆ ಅವರನ್ನೊಮ್ಮೆ ನೋಡಿತು.

ಅತ್ತೆ ತಲೆ ಎತ್ತಿದರು.

"ಆಚಾರಿ, ಇದ್ರ ಮುಂದೆ ಏಳಕ್ಕಾಗಕಿಲ್ಲ ಕಣಪ್ಪ. ಒಳೀಕ್ ಬಾ."

ಹದಿನಾಲ್ಕು ವರ್ಷದ ಮೇಲೆ ಅವರು ನೇರವಾಗಿ ಆಡಿದ ಮೊದಲ ಮಾತು ಅದು. ಆಚಾರ್ರು ಚಪ್ಪಲಿ ಬಿಟ್ಟು ಅಡುಗೆಮನೆಗೆ ಬಂದು ಕೂತರು. ನಾಯಿಗೆ ಕೇಳಬಾರದೆಂದು ಪಿಸುಗುಟ್ಟಿದರು. ಅತ್ತೆಗೆ ಈಚೆಗೆ ಕಿವಿ ಮಂದ, ಪ್ರತಿ ಮಾತಿಗೂ ಬೀದಿಗೆ ಕೇಳುವಂತೆ "ಏನು?" ಅನ್ನುತ್ತಿದ್ದರು. ನಾನು ನಡುವೆ ಕೂತು ಒಬ್ಬರ ಪಿಸುಮಾತನ್ನು ಇನ್ನೊಬ್ಬರ ಕಿವಿಗೆ ಮುಟ್ಟಿಸಿದೆ. ಪಾಯಸದ ಕೆಲಸ ನನಗೆ ಬಂದಿತ್ತು, ಅದರಷ್ಟು ಚೆನ್ನಾಗಿ ನಾನು ಮಾಡಲಿಲ್ಲ. ಅರ್ಧ ಗಂಟೆಯಲ್ಲಿ ಮಾತು ಮುಗಿಯಿತು. ಆಚಾರ್ರು ಟವೆಲ್ಲಿನಿಂದ ಮುಖ ಒರೆಸಿಕೊಂಡು, ಆಯ್ತು, ಫೋನು ಮಾಡವ್ವ ಎಂದರು.

ಡಾಕ್ಟರಮ್ಮ ತಂದ ಕಾಗದದಲ್ಲಿ ಒಂದೇ ಸಹಿಗೆ ಜಾಗವಿತ್ತು. ನಾನು ಹಾಕಿದೆ. ಪಕ್ಕದಲ್ಲಿ ಆಚಾರ್ರು ಹಾಕಿದರು. ಅತ್ತೆ ತಮ್ಮ ಹೆಬ್ಬೆಟ್ಟೂ ಬೇಕೆಂದು ಹಟ ಹಿಡಿದರು. ಒಬ್ಬರದಿದ್ದರೆ ಸಾಕು ಎಂದು ಡಾಕ್ಟರಮ್ಮ ಹೇಳಿದರೆ ಕೇಳಲಿಲ್ಲ.

"ಕಚ್ಚಿದಾಗ ಒಬ್ರೂ ಇರ್ನಿಲ್ಲ ಕಣವ್ವ. ಈಗಾದ್ರೂ ಎಲ್ರೂ ಇರ್ಲಿ."

ಆಚಾರ್ರು ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡರು. ಮೊದಲ ಸೂಜಿಗೆ ಅದು ನಿದ್ದೆ ಹೋಯಿತು, ಎರಡನೆಯದಕ್ಕೆ ಉಸಿರು ನಿಂತಿತು. ಎಷ್ಟು ಬೇಗ ಆಯಿತೆಂದರೆ ಅತ್ತೆ ಇನ್ನೂ ಅದರ ಕಿವಿ ನೀವುತ್ತಲೇ ಇದ್ದರು. ಹೂಳಲು ಆಚಾರ್ರು ಪೆಟ್ಟಿಗೆ ಮಾಡಿದರು. ನಲವತ್ತು ವರ್ಷ ಬಾಗಿಲು ಕಿಟಕಿ ಮಾಡಿದ ಕೈ, ಆದರೂ ಪೆಟ್ಟಿಗೆ ಒಂದು ಅಡಿ ದೊಡ್ಡದಾಯಿತು. ಕಾಲು ಚಾಚಿ ಮಲಗಲಿ ಬುಡು ಎಂದರು. ನಮ್ಮ ಕಬ್ಬಿನ ಗದ್ದೆಯ ಬದುವಿನಲ್ಲಿ ಮಣ್ಣು ಮಾಡಿದೆವು.

ಇಷ್ಟನ್ನೆಲ್ಲ ಹೇಳಿದೆ, ಒಂದನ್ನು ಬಿಟ್ಟೆ. ಮೊದಲ ಸಹಿ ನನ್ನದಲ್ಲವೇ? ಇನ್ನೆರಡು ದಿನ ಕಾದಿದ್ದರೆ ಏನಾಗುತ್ತಿತ್ತು, ಅವಸರ ಮಾಡಿದೆನೇ ಎಂಬ ಪ್ರಶ್ನೆ ಒಂದು ವರ್ಷದಿಂದ ನನ್ನೊಳಗೆ ಕೂತಿದೆ. ಯಾರನ್ನೂ ಕೇಳಿರಲಿಲ್ಲ. ಕೇಳಿದರೆ ಉತ್ತರ ಬಂದುಬಿಟ್ಟೀತೆಂಬ ಹೆದರಿಕೆ.

ಇವತ್ತು ಬಸ್ಸಿಳಿದವಳು ಮನೆಗೆ ಹೋಗದೆ ನೆಟ್ಟಗೆ ಆಚಾರ್ರ ಗೇಟು ತೆಗೆದೆ. ಅವರು ಯಾರದೋ ಮನೆಯ ಕಿಟಕಿ ಚೌಕಟ್ಟಿಗೆ ಗುರುತು ಹಾಕುತ್ತಿದ್ದರು. ನಾವು ಮಾಡಿದ್ದು ಸರಿಯೇ ಆಚಾರ್ರೇ ಎಂದು ಕೇಳಿದೆ. ಯಾವುದು ಎಂದು ಅವರು ಕೇಳಲಿಲ್ಲ. ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡರು.

"ಗೊತ್ತಿಲ್ಲ ಕಣವ್ವ. ನಾನೊಬ್ನೇ ಆಗಿದ್ರೆ ಆ ಸೂಜಿ ಕೊಡುಸ್ತಿರ್ನಿಲ್ಲ. ನೀನೊಬ್ಳೇ ಆಗಿದ್ರೂ ಕೊಡುಸ್ತಿರ್ನಿಲ್ಲ. ಅದು ಇನ್ನೊಂದ್ ತಿಂಗ್ಳು ನರಳಾಡ್ಕಂಡ್ ಬಿದ್ದಿರದು."

ಗೋಡೆಯಾಚೆಯಿಂದ, ನಾನು ಬಸ್ಸಿಳಿದದ್ದನ್ನು ಜಗಲಿಯಿಂದ ಕಂಡಿದ್ದ ಅತ್ತೆಯ ದನಿ ಬಂತು. ಬಸ್ಸಿಳಿದು ಎಷ್ಟೊತ್ತಾಯಿತು, ಅಲ್ಲಿ ಯಾರ ಜೊತೆ ಹರಟೆ ಎಂದು ಕೇಳುತ್ತಿದ್ದರು.

"ನನ್ ಜೊತೆ ಕಣಮ್ಮೋ," ಆಚಾರ್ರು ಕೂಗಿ ಹೇಳಿದರು. "ಸೊಸೆ ಅಳ್ತಾವ್ಳೆ. ಕಾಫಿ ಮಡಗು, ಬತ್ತೀವಿ."

ನಾನು ಅಳುತ್ತಿದ್ದೆನೆಂದು ನನಗೆ ಆಗಲೇ ಗೊತ್ತಾದದ್ದು. ಎಷ್ಟು ಲೋಟ ಎಂದು ಅತ್ತೆ ಕೇಳಿದರು. ಮೂರು ಎಂದು ನಾನೇ ಕೂಗಿ ಹೇಳಿದೆ.