ಪದ್ಮಶ್ರೀ ತೋರಿಸದ ಪುಸ್ತಕ

ಅಕ್ಕೂರಿನ ಪದ್ಮಶ್ರೀ ತೀರಿಕೊಂಡು ನಾಲ್ಕು ತಿಂಗಳಾಯಿತು. ಡೆಂಗಿ ಜ್ವರ. ಆಸ್ಪತ್ರೆಯಲ್ಲಿದ್ದದ್ದು ಆರೇ ದಿನ. ಅವಳಿಗೆ ಮೂವತ್ತಾರು ವರ್ಷ. ಅವಳ ಬಗ್ಗೆ ಈಗಾಗಲೇ ಎರಡು ಪತ್ರಿಕೆಗಳಲ್ಲಿ ಬಂದಿದೆ. ಎರಡರಲ್ಲೂ ‘ನಗುಮೊಗದ ಚಿತ್ರಗಾರ್ತಿ’ ಎಂದಿದ್ದಾರೆ. ಹದಿನೆಂಟು ವರ್ಷ ಜೊತೆಗಿದ್ದ ನನಗೆ ಗೊತ್ತು, ಅವಳು ಅಷ್ಟೇನೂ ನಗುತ್ತಿರಲಿಲ್ಲ. ನಮ್ಮನ್ನು ನಗಿಸುತ್ತಿದ್ದಳು. ಅವಳು ಒಂದು ಜಗಳವನ್ನು ಸರಿಯಾಗಿ ಆಡಿ ಗೆದ್ದಳು. ಅದನ್ನು ಯಾರೂ ಬರೆದಿಲ್ಲ, ಆದ್ದರಿಂದ ನಾನು ಬರೆಯುತ್ತಿದ್ದೇನೆ.

ಪದ್ಮ ಗ್ರಾಮ ಪಂಚಾಯಿತಿ ಗ್ರಂಥಾಲಯದ ಮೇಲ್ವಿಚಾರಕಿಯಾಗಿದ್ದಳು. ಗಂಡ ಮುನೇಶ್‌ದು ಚನ್ನಪಟ್ಟಣದಲ್ಲಿ ಫ್ಲೆಕ್ಸ್ ಅಂಗಡಿ. ಹುಟ್ಟುಹಬ್ಬ, ಗೃಹಪ್ರವೇಶ, ಶ್ರದ್ಧಾಂಜಲಿ, ಯಾವುದಾದರೂ ಸರಿ, ಅಕ್ಷರ ಕೂರಿಸುವುದು ಅವನೇ. ಇಬ್ಬರೂ ಕನಕಪುರದ ಕಾಲೇಜಿನಲ್ಲಿ ನನ್ನ ಜೊತೆ ಓದಿದವರು. ಅತ್ತೆ ನಾಗಲಕ್ಷ್ಮಮ್ಮ ಮನೆಯ ಹಿಂದಿನ ಹುಳುಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಾರೆ. ಆ ಹುಳುಮನೆಯ ಬಾಗಿಲಲ್ಲಿ ಬ್ಲೀಚಿಂಗ್ ಪುಡಿ ಕದಡಿದ ನೀರಿನ ಬಕೆಟ್ಟು ಸದಾ ಇರುತ್ತದೆ. ಕೈಕಾಲು ತೊಳೆಯದೆ, ಒಳಗಿರುವವರನ್ನು ಕೇಳದೆ ಯಾರೂ ಹೊಸ್ತಿಲು ದಾಟುವಂತಿಲ್ಲ. ಹುಳುವಿಗೆ ರೋಗ ತಗಲುತ್ತದೆ. ಬೀಗರು ಬಂದರೂ ಇದೇ ನಿಯಮ, ಪಂಚಾಯಿತಿ ಅಧ್ಯಕ್ಷರು ಬಂದರೂ ಇದೇ.

ಅವಳ ವ್ಯಂಗ್ಯಚಿತ್ರಮಾಲೆ ‘ಮುದ್ದೆ-ಸಾರು’ ಹುಟ್ಟಿದ್ದೂ ಅಲ್ಲಿಯೇ. ತಟ್ಟೆಗಳಲ್ಲಿ ಹುಳುವಿನ ಕೆಳಗೆ ಹಾಸುವ ಹಳೆಯ ಪತ್ರಿಕೆಗಳ ಅಂಚಿನಲ್ಲಿ ಪದ್ಮ ಬಾಲ್‌ಪೆನ್ನಿನಿಂದ ಗಂಡನನ್ನೂ ತನ್ನನ್ನೂ ಬರೆಯುತ್ತಿದ್ದಳು. ಗಂಡ ಗುಂಡಗೆ, ರಾಗಿಮುದ್ದೆಯ ಹಾಗೆ. ಹೆಂಡತಿ ಸಣ್ಣಗೆ, ಖಾರವಾದ ಸಾರು. ಒಂದು ದಿನ ಮುನೇಶ್ ಅದರ ಫೋಟೋ ತೆಗೆದು, ಬಾಯಿಗೆ ಮಾತು ಸೇರಿಸಿ, ಇನ್‌ಸ್ಟಾಗ್ರಾಮಿನಲ್ಲಿ ಹಾಕಿದ. ಮುದ್ದೆ ಹೇಳುತ್ತಾನೆ: “ನೀನಿಲ್ದೆ ನಾನು ಗಂಟ್ಲಲ್ಲಿ ಇಳಿಯಲ್ಲ ಸಾರೇ.” ಸಾರು ಹೇಳುತ್ತಾಳೆ: “ಅಗೀಬ್ಯಾಡ, ನುಂಗು. ನನ್ ಮಾತ್ನೂ ಹಂಗೇಯ.” ಅಲ್ಲಿಂದ ವಾರಕ್ಕೊಂದು ಕಂತು ಬಂತು. ಚಿತ್ರ ಅವಳದು, ಮಾತು ಅವನದು. ಮೂರು ವರ್ಷದಲ್ಲಿ ಓದುಗರು ಮೂವತ್ತು ಸಾವಿರ ದಾಟಿದರು.

ಓದುಗರು ನಗುತ್ತಿದ್ದದ್ದು ಹೆಚ್ಚಾಗಿ ಮುದ್ದೆಯ ಮೇಲೆ. ಮುನೇಶನ ಗೊರಕೆ, ಹರ್ನಿಯಾ ಆಪರೇಷನ್, ತಂತಿಯ ಮೇಲೆ ಒಣಗುತ್ತಿದ್ದ ಅವನ ತೂತು ಬನಿಯನ್ನು, ಒಂದೂ ಉಳಿಯಲಿಲ್ಲ. ಅಂಗಡಿಗೆ ಬರುವವರು “ಏನ್ ಮುದ್ದೆ ಸಾ, ಹೊಲಿಗೆ ಬಿಚ್ಚುದ್ರಾ?” ಎಂದು ವಿಚಾರಿಸುತ್ತಿದ್ದರು. ಅವನು ನಗುತ್ತಿದ್ದ, ಅವಳು ಬರೆದದ್ದಕ್ಕೆಲ್ಲ ಬೇಡವೆನ್ನದೆ ಮಾತು ಹಾಕುತ್ತಿದ್ದ. ಅವನ ನಗುವಿನ ಅಡಿಯಲ್ಲಿ ಏನು ಸೇರಿಕೊಳ್ಳುತ್ತಿತ್ತು ಎಂದು ಪದ್ಮ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಒಂದು ವರ್ಷ ಮಾರ್ಚಿನಲ್ಲಿ ಪದ್ಮ ತರಬೇತಿಗೆಂದು ಎರಡು ದಿನ ರಾಮನಗರಕ್ಕೆ ಹೋದಳು. ಹುಳುಗಳು ಆಗತಾನೆ ನಾಲ್ಕನೇ ಜ್ವರದಿಂದ ಎದ್ದಿದ್ದವು. ಪೊರೆ ಬಿಡಲು ಒಂದು ದಿನ ಮಲಗಿ ಏಳುವುದನ್ನು ನಮ್ಮ ಕಡೆ ಜ್ವರ ಎನ್ನುತ್ತಾರೆ. ಎದ್ದ ಮೇಲೆ ಅವುಗಳ ಹಸಿವಿಗೆ ಎಷ್ಟು ಸೊಪ್ಪು ಹಾಕಿದರೂ ಸಾಲದು. ಸೊಪ್ಪು ಹಾಕಲು ಹೋದ ಮುನೇಶನಿಗೆ ತಟ್ಟೆ ಜೋಡಿಸುವ ಸ್ಟ್ಯಾಂಡಿನ ಹಿಂದೆ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟಿದ್ದ ಒಂದು ಉದ್ದನೆಯ ನೋಟ್ ಪುಸ್ತಕ ಸಿಕ್ಕಿತು. ತೆರೆದ.

ಆ ಪುಸ್ತಕ ಇದೆ ಎನ್ನುವುದು ನನಗೆ ಮೊದಲೇ ಗೊತ್ತಿತ್ತು. ಅದರಲ್ಲಿ ಏನಿದೆ ಎಂದು ಒಮ್ಮೆ ಕೇಳಿದ್ದೆ. “ಆಸೆಗಳು ಕಣೇ,” ಎಂದಿದ್ದಳು. “ಕೆಲವು ನಡೆದಿದ್ದು, ಕೆಲವು ನಡೀಬಾರದ್ದು, ಕೆಲವು ನಡೆಯೋಕೇ ಆಗದ್ದು. ಬರೆದು ಮುಚ್ಚಿಟ್ರೆ ಹಗುರಾಗ್ತದೆ.” ನೋಡಲಾ ಎಂದದ್ದಕ್ಕೆ ನನ್ನ ತಲೆಯ ಮೇಲೊಂದು ಮೊಟಕಿದ್ದಳು.

ಮುನೇಶ್ ನೋಡಿದ ಪುಟಗಳಲ್ಲಿ ಒಬ್ಬ ಗಂಡಸಿದ್ದ. ಅವನಿಗೆ ಮುಖವಿರಲಿಲ್ಲ. ಎಡಗೈಯಲ್ಲಿ ಸ್ಟೀಲಿನ ಕಡಗವಿತ್ತು. ಎಲ್ಲ ಚಿತ್ರಗಳಲ್ಲೂ ಅದೇ ಕೈ, ಅದೇ ಕಡಗ. ಮುನೇಶ್ ಜೀವಮಾನದಲ್ಲಿ ಕಡಗ ತೊಟ್ಟವನಲ್ಲ.

ಹೆಂಡತಿಯನ್ನು ಒಂದು ಮಾತು ಕೇಳಬಹುದಿತ್ತು. ಅದರ ಬದಲು ಅವನು ಚನ್ನಪಟ್ಟಣದಲ್ಲಿ ಕಡಗ ಹುಡುಕತೊಡಗಿದ. ಫ್ಲೆಕ್ಸ್ ಮಾಡಿಸಲು ಬಂದವರ ಮಣಿಕಟ್ಟು ನೋಡಿದ. ಪದ್ಮ ಆಗಾಗ ಹತ್ತುತ್ತಿದ್ದ ಸಾತನೂರು ಬಸ್ಸಿನ ಕಂಡಕ್ಟರ್ ದಾಸಪ್ಪನ ಕೈಯಲ್ಲಿ ಕಡಗ ಕಂಡಿತು. ಅಂಗಡಿ ಬಾಗಿಲು ಹಾಕಿ ಮೂರು ದಿನ ಅದೇ ಬಸ್ಸಿನಲ್ಲಿ ಸಾತನೂರಿಗೆ ಹೋಗಿ ಬಂದ. ಮೂರನೇ ದಿನ ದಾಸಪ್ಪನೇ ಕೇಳಿದನಂತೆ: “ಅಲ್ಲಾ ಸಾ, ದಿನಾ ಬತ್ತೀರಿ, ಇಳಿಯಾಕಿಲ್ಲ, ನನ್ ಕೈಯನ್ನೇ ನೋಡ್ತೀರಿ. ಜೋಯಿಸ್ರಾ? ಹಂಗಿದ್ರೆ ರಿಟೈರ್ ಆದ್ಮೇಕೆ ಮಂಡಿನೋವು ಒಸಿ ಕಮ್ಮಿ ಆಯ್ತದಾ ಹೇಳಿ.”

ಹೊಟ್ಟೆಕಿಚ್ಚು ಅಲ್ಲಿಗಾದರೂ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಆ ವಾರದ ಕಂತಿನಲ್ಲಿ ಸಾರು ಬಸ್ಸಿಗೆ ಕಾಯುತ್ತ ನಿಂತಿದ್ದಳು. ಮಾತು ಬರೆಯುವವನು ಮುನೇಶ್ ತಾನೆ? ಅವಳ ಬಾಯಿಗೆ “ಮುದ್ದೆ ಸಾಕಾಯ್ತು, ನಂಗೆ ಕಡಗದವ್ನೇ ಬೇಕು” ಎಂದು ಹಾಕಿದ. ಕೊನೆಯ ಚೌಕದಲ್ಲಿ, ಹೆಣ್ಣಿನ ಸೊಂಟದ ಮೇಲೆ ಕಡಗದ ಕೈ ಇದ್ದ ಒಂದು ಚಿತ್ರವನ್ನು ಆ ಪುಸ್ತಕದಿಂದಲೇ ಎತ್ತಿ ಸೇರಿಸಿದ. ಎರಡು ಗಂಟೆಯ ಮೇಲೆ ಹೆದರಿ ಅಳಿಸಿದ. ಅಷ್ಟರಲ್ಲಿ ಅದು ಸ್ಕ್ರೀನ್‌ಶಾಟಾಗಿ ಮಾಗಡಿಯವರೆಗೂ ಹೋಗಿತ್ತು. ಮಾರನೆಯ ದಿನ ಗ್ರಂಥಾಲಯಕ್ಕೆ ಬಂದ ಇಬ್ಬರು ಪೇಪರು ಓದದೆ ಪದ್ಮಳನ್ನೇ ನೋಡುತ್ತ ಕೂತರು.

ಅವಳು ಒಂದು ಬ್ಯಾಗು ಹಿಡಿದು ಕನಕಪುರದ ನಮ್ಮ ಮನೆಗೆ ಬಂದಳು. ಪುಸ್ತಕ ಬ್ಯಾಗಿನಲ್ಲಿತ್ತು. ಅತ್ತಳು, ಉಂಡಳು, ಮಲಗಿದಳು. ಪೆನ್ನು ಮುಟ್ಟಲಿಲ್ಲ. “ಇನ್ನು ಬರೆಯಲ್ಲ ಕಣೇ,” ಎಂದಳು. “ನಾನು ಕಾಗದದ ಮೇಲೆ ಗೀಟು ಎಳೆದ್ರೆ ಅದು ಯಾರ ಕೈಗೆ ಹೋಗ್ತದೋ ಅನ್ನೋ ಭಯ ಬಂದ್ಬಿಟ್ಟಿದೆ. ಭಯ ಇಟ್ಕೊಂಡು ಏನು ಬರೆಯೋದು?” ಮದುವೆಯ ಮಾತು ಆಮೇಲಿನದು. ಅವಳ ಕೈ ಅವಳಿಗೆ ವಾಪಸ್ಸು ಬರುತ್ತದೆಯೇ ಎನ್ನುವುದೇ ನನ್ನ ಚಿಂತೆಯಾಗಿತ್ತು.

ಒಂಬತ್ತನೆಯ ದಿನ ಬೆಳಿಗ್ಗೆ ನಾಗಲಕ್ಷ್ಮಮ್ಮ ಮಗನನ್ನು ಕರೆದುಕೊಂಡು ಬಂದರು. ಸೊಸೆಗೆ ಬುದ್ಧಿ ಹೇಳಲು ಬಂದಿದ್ದಾರೆ ಎಂದುಕೊಂಡು ನಾನು ಬಿಗಿಯಾಗಿಯೇ ಕೂತೆ. ಅವರು ಕಾಫಿ ಲೋಟ ಕೆಳಗಿಟ್ಟು ಮಗನ ಕಡೆ ತಿರುಗಿದರು.

“ಹುಳಿನ್ ಮನೆಗೆ ಕಾಲ್ ತೊಳೀದೆ ನುಗ್ತೀಯೇನ್ಲಾ?”

“ಇಲ್ಲ ಕಣವ್ವ.”

“ಮತ್ತೆ ಅವಳ್ ಮನ್ಸಿಗೆ ಹೆಂಗ್ಲಾ ನುಗ್ಗುದೆ? ಕೇಳಿದ್ಯಾ? ಹುಳಕ್ಕಿರೋ ಮರ್ಯಾದೆ ಹೆಂಡ್ತಿಗೆ ಬ್ಯಾಡ್ವಾ?”

“ಅವ್ವ, ಅದ್ರಲ್ಲಿ ಏನೈತೆ ಅಂತ ನಿಂಗೊತ್ತಿಲ್ಲ.”

“ನಂಗ್ಯಾಕ್ಲಾ ಗೊತ್ತಾಗ್ಬೇಕು? ನಿಮ್ಮಪ್ಪನ್ ಜೊತೆ ಮೂವತ್ತೊಂದ್ ವರ್ಸ ಬಾಳ್ದೆ. ನನ್ ತಲೇಲಿ ಏನೇನಿತ್ತು ಅಂತ ಅವ್ರಿಗೂ ಗೊತ್ತಿರ್ಲಿಲ್ಲ. ನಂಗೇನು ಕಮ್ಮಿ ಇತ್ತು ಅನ್ಕಂಡ್ಯಾ?”

ನನಗೆ ನಗು ತಡೆಯಲಾಗಲಿಲ್ಲ. ಮುನೇಶ್ ನೆಲ ನೋಡುತ್ತಿದ್ದ. ಆಮೇಲೆ ತಲೆ ಎತ್ತಿದ. “ತಪ್ಪಾಯ್ತು ಪದ್ಮ. ಒಪ್ತೀನಿ. ಆದ್ರೆ ನನ್ ಹರ್ನಿಯಾನ ಮೂವತ್ ಸಾವಿರ ಜನಕ್ಕೆ ತೋರಿಸ್ದಾಗ ನೀನು ನನ್ನ ಕೇಳಿದ್ಯಾ?”

ಪದ್ಮ ಫೋನು ತೆಗೆದುಕೊಂಡಳು. ಹಳೆಯ ಕಂತುಗಳನ್ನು ಒಂದೊಂದೇ ನೋಡುತ್ತ ಹೋಗಿ, ಅವನ ಮುಂದೆಯೇ ಹನ್ನೊಂದನ್ನು ಅಳಿಸಿದಳು. “ಬನಿಯನ್ನು?” ಎಂದು ಕೇಳಿದಳು.

“ಬನಿಯನ್ ಇರ್ಲಿ,” ಎಂದ. “ಅದ್ಕೆ ಚೆನ್ನಾಗಿ ಲೈಕ್ ಬಂದೈತೆ.”

ಅಂದೇ ಅವಳು ಅವರ ಜೊತೆ ಹೊರಟಳು. ಕ್ಷಮಿಸಿದ್ದಾಳೆ ಎಂದು ನಾನು ಭಾವಿಸಲಿಲ್ಲ. ಮುಂದಿನ ಭಾನುವಾರ ಬಂದ ಕಂತಿನಲ್ಲಿ ಮೊದಲ ಬಾರಿಗೆ ಚಿತ್ರವೂ ಅವಳದು, ಮಾತೂ ಅವಳದು, ಅವಳದೇ ಕೈಬರಹ. ಮುದ್ದೆ ಹುಳುಮನೆಯ ಹೊಸ್ತಿಲಲ್ಲಿ ಬಕೆಟ್ಟಿನ ಮುಂದೆ ನಿಂತಿದ್ದಾನೆ. ಒಳಗಿನಿಂದ ಸಾರು ಹೇಳುತ್ತಾಳೆ: “ಮೊದ್ಲು ಕೈಕಾಲು ತೊಳ್ಕೊ. ಆಮೇಕೆ ಕೇಳು. ಹೇಳ್ಬೇಕೋ ಬ್ಯಾಡ್ವೋ ಅದು ನನ್ನಿಷ್ಟ.” ಕೊನೆಯ ಚೌಕ ಪೂರ್ತಿ ಕಪ್ಪು. ಅದರೊಳಗೆ ಒಂದು ಗೀಟೂ ಇಲ್ಲ. ಕಡಗದ ಚಿತ್ರದ ಬಗ್ಗೆ ವಿವರಣೆ ಇಲ್ಲ, ಕ್ಷಮೆ ಇಲ್ಲ.

ಬೈದವರು ಬೈದರು. ಆದರೆ ಆ ಕಪ್ಪು ಚೌಕ ಅವಳ ಉಳಿದೆಲ್ಲ ಚಿತ್ರಗಳಿಗಿಂತ ದೂರ ಹೋಯಿತು. ಸಂದೇಶಗಳು ಬಂದವು, ಹೆಚ್ಚಿನವು ಹೆಂಗಸರವು. ಮಾಗಡಿಯ ಒಬ್ಬರು ಬರೆದಿದ್ದರು: “ನನ್ ಗುಟ್ಟಿನ್ ಪುಸ್ತಕ ಅಕ್ಕಿ ಡಬ್ಬದಲ್ಲೈತೆ ಅಕ್ಕ. ಇನ್ಮೇಲೆ ಬೀರುವಲ್ಲೇ ಇಡ್ತೀನಿ.” ಪದ್ಮ ಅದನ್ನು ನನಗೆ ಫೋನಿನಲ್ಲಿ ಓದಿ ಹೇಳುವಾಗ ಅವಳ ದನಿ ಹಳೆಯ ದನಿಯಾಗಿತ್ತು. ಗ್ರಂಥಾಲಯದಲ್ಲಿ ನೋಡುತ್ತ ಕೂತಿದ್ದ ಆ ಇಬ್ಬರಿಗೆ ಅವಳೇ ಎದ್ದುಹೋಗಿ ಪೇಪರು ತಿರುಗಿಸಿ ಕೊಟ್ಟಳಂತೆ. ಅವರು ತಲೆಕೆಳಗಾಗಿ ಹಿಡಿದಿದ್ದರು.

ಮುನೇಶ್ ಸರಿಹೋಗಲು ಇನ್ನಷ್ಟು ಕಾಲ ಬೇಕಾಯಿತು. ಆ ವರ್ಷ ಮೂವರೂ ಸಾವನದುರ್ಗಕ್ಕೆ ಹೋಗಿದ್ದೆವು. ನಾವಿಬ್ಬರು ಬೆಟ್ಟದ ಬುಡದಲ್ಲಿ ಕಡಲೆಕಾಯಿ ತಿನ್ನುತ್ತ ಕೂತಿದ್ದಾಗ ಅವನು ಅಂಗಡಿಯೊಂದಕ್ಕೆ ಹೋಗಿ ಬಂದು ಎದೆಯುಬ್ಬಿಸಿ ನಿಂತ. ಎಡಗೈಯಲ್ಲಿ ಸ್ಟೀಲಿನ ಕಡಗ. ದಪ್ಪ ಮಣಿಕಟ್ಟಿಗೆ ಅದು ಹೇಗೋ ಏರಿತ್ತು, ಆದರೆ ಇಳಿಯುವ ಹಾಗೆ ಕಾಣುತ್ತಿರಲಿಲ್ಲ. ಪದ್ಮ ನೋಡಿದಳು. ಬಂಡೆಗೆ ಒರಗಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅಷ್ಟು ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ.

“ತೆಗಿಯೋ ಅದ್ನ! ನೀನು ನೀನಾಗಿರು. ಅವನು ಪುಸ್ತಕದಲ್ಲೇ ಇರ್ಲಿ.”

“ಅವನು ಯಾರು ಅಂತ ಕೇಳ್ಲಾ?”

“ಕಾಲ್ ತೊಳ್ದಿದೀಯಾ?”

ಅವನು ನಿಜವಾಗಿಯೂ ಕುಡಿಯುವ ನೀರಿನ ಬಾಟಲಿ ತೆಗೆದು ಕಾಲ ಮೇಲೆ ಸುರಿದುಕೊಂಡ. ಪದ್ಮ ಕಣ್ಣೊರೆಸಿಕೊಂಡಳು. “ಯಾರೂ ಅಲ್ಲ ಕಣೋ,” ಎಂದಳು. “ನಿಜವಾಗ್ಲೂ. ಯಾರಾದ್ರೂ ಆಗಿದ್ರೆ ಮುಖ ಬರೀತಿರ್ಲಿಲ್ವಾ?” ಆಮೇಲೆ ಅವನು ಬಗ್ಗಿ ಅವಳ ಕಿವಿಯಲ್ಲಿ ಏನೋ ಹೇಳಿದ. ತನ್ನದೇ ಯಾವುದೋ ಒಂದು ಆಸೆ. ಪದ್ಮಳ ಮುಖ ಕೆಂಪಾಯಿತು. ವಾಪಸ್ಸು ಬರುವಾಗ ಏನಂದ ಎಂದು ಕೇಳಿದೆ. “ಅದು ಅವನದು,” ಎಂದಳು. ನನಗೆ ಒಂದು ಕ್ಷಣ ಕೋಪ ಬಂತು, ಆಮೇಲೆ ಬಹಳ ಸಂತೋಷವಾಯಿತು. ಕಡಗವನ್ನು ಸೋಪು ನೀರು ಹಚ್ಚಿ ತೆಗೆದದ್ದು ನಾಗಲಕ್ಷ್ಮಮ್ಮ.

ಅಳಿಸಿದ್ದು ಬಿಟ್ಟು, ಮೊದಲಿನಿಂದ ಕೊನೆಯವರೆಗೆ ಒಟ್ಟು ಇನ್ನೂರ ಹದಿನಾಲ್ಕು ಕಂತುಗಳು. ಆ ಜಗಳದ ನಂತರ, ಹೊರಗೆ ಹೋಗುವ ಮುಂಚೆ ಪ್ರತಿಯೊಂದನ್ನೂ ಇಬ್ಬರೂ ನೋಡಿ ಒಪ್ಪಬೇಕಿತ್ತು. ಒಪ್ಪದ್ದು ಕಪ್ಪು ಚೌಕವಾಗುತ್ತಿತ್ತು. ಪುಸ್ತಕ ಮತ್ತೆ ಹುಳುಮನೆಯ ಸ್ಟ್ಯಾಂಡಿನ ಹಿಂದೆ, ಅದೇ ಕವರಿನಲ್ಲಿ ಹೋಗಿ ಕೂತಿತು. ಅಡಗಿಸಲು ಅವಳು ಬೇರೆ ಜಾಗ ಹುಡುಕಲಿಲ್ಲ. ಮುನೇಶ್ ದಿನಾ ಅದರ ಪಕ್ಕದಲ್ಲೇ ಸೊಪ್ಪು ಹಾಕುತ್ತಿದ್ದ.

ಅವಳ ಹನ್ನೊಂದನೆಯ ದಿನದ ಕಾರ್ಯ ಮುಗಿದು ಎಲ್ಲರೂ ಊಟಕ್ಕೆ ಕೂತಾಗ ಪದ್ಮಳ ತಮ್ಮ ಮಹೇಂದ್ರ ಮಾತೆತ್ತಿದ. ಒಳ್ಳೆಯ ಹುಡುಗ, ಅಕ್ಕನೆಂದರೆ ಪ್ರಾಣ. “ಭಾವ, ಅಕ್ಕನ ಚಿತ್ರಗಳೆಲ್ಲ ಸೇರಿಸಿ ಒಂದು ಪುಸ್ತಕ ಮಾಡಿಸಾನ. ಆ ಇನ್ನೊಂದು ನೋಟ್ ಬುಕ್ಕೂ ಇದೆಯಂತಲ್ಲ? ಅದನ್ನೂ ಕೊಡಿ. ಎಲ್ಲೂ ಬರದೇ ಇದ್ದದ್ದು ಅಂತ ಜನ ಮುಗಿಬಿದ್ದು ಓದ್ತಾರೆ.” ಒಂದಿಬ್ಬರು ಹೌದು ಹೌದು ಎಂದರು. ಯಾರೋ ನನ್ನ ಕಡೆ ತಿರುಗಿ, ನೀವೇ ಮುನ್ನುಡಿ ಬರೀರಿ ಎಂದರು. ಸುಳ್ಳು ಹೇಳಲಾರೆ, ನನಗೂ ಅದನ್ನು ಒಮ್ಮೆ ತೆರೆಯಬೇಕು, ಅವಳ ಗೀಟನ್ನು ನೋಡಬೇಕು ಎಂಬ ಆಸೆ ಬಂದುಹೋಯಿತು.

ಮುನೇಶ್ ಎಲೆ ಬಿಟ್ಟು ಎದ್ದ. ಮಹೇಂದ್ರನನ್ನು ಹಿತ್ತಿಲಿಗೆ ಕರೆದುಕೊಂಡು ಹೋದ. ನಾವೂ ಹಿಂದೆ ಹೋದೆವು. ಹುಳುಮನೆಯ ಬಾಗಿಲಲ್ಲಿ ಬಕೆಟ್ಟನ್ನು ಅವನ ಮುಂದೆ ಸರಿಸಿ, “ತೊಳ್ಕೊ,” ಎಂದ.

ಮಹೇಂದ್ರ ಪ್ಯಾಂಟು ಮಡಚಿ ಕಾಲು ತೊಳೆದ, ಕೈ ತೊಳೆದ. “ಆಯ್ತು ಭಾವ.”

“ಈಗ ಅವಳನ್ನ ಕೇಳು.”

ಮಹೇಂದ್ರನಿಗೆ ಅರ್ಥವಾಗಲು ಒಂದು ನಿಮಿಷ ಹಿಡಿಯಿತು. ಹೊಸ್ತಿಲ ಮೇಲೆ ಕೂತು ಅತ್ತುಬಿಟ್ಟ. ಮುನೇಶ್ ಅವನ ಹೆಗಲು ಹಿಡಿದುಕೊಂಡ. ಹಿಂದಿನಿಂದ ನಾಗಲಕ್ಷ್ಮಮ್ಮ, “ಬಾಗ್ಲಲ್ಲಿ ಕೂರ್‌ಬ್ಯಾಡ್ರಪ್ಪ, ಸೊಪ್ ಹಾಕೋ ಹೊತ್ತಾಯ್ತು,” ಎಂದು ಬುಟ್ಟಿ ಎತ್ತಿಕೊಂಡು, ಕೈಕಾಲು ತೊಳೆದು ಒಳಗೆ ಹೋದರು.

ಇನ್ನೂರ ಹದಿನಾಲ್ಕು ಕಂತುಗಳ ಪುಸ್ತಕ ಮುಂದಿನ ತಿಂಗಳು ಬರುತ್ತದೆ. ಬನಿಯನ್ನು ಅದರಲ್ಲಿದೆ, ಹರ್ನಿಯಾ ಇಲ್ಲ. ಇನ್ನೊಂದು ಪುಸ್ತಕ ಹುಳುಮನೆಯಲ್ಲಿಯೇ ಇದೆ. ಹೋದ ವಾರ ಹೋಗಿದ್ದಾಗ ಕವರಿನ ಮೇಲೆ ಧೂಳು ಕೂತಿರಲಿಲ್ಲ. ಮುನೇಶ್ ಒರೆಸಿ ಇಡುತ್ತಾನೆ. ಒಳಗೆ ಏನಿದೆ ಎನ್ನುವುದು ಇವತ್ತಿಗೂ ಪದ್ಮಳೊಬ್ಬಳದೇ.