ಗಾಳಿಗೆ ಚಿಲಕ ಬೀಳುವುದಿಲ್ಲ

ಸಂಜೆ ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಆ ಕೋಣೆಯ ಬಾಗಿಲು ಮುಚ್ಚಿತು. ಪ್ರಾಜೆಕ್ಟರ್ ಇನ್ನೂ ಉರಿಯುತ್ತಿತ್ತು. ಲ್ಯಾಪ್‌ಟಾಪಿನ ಮೂಲೆಯಲ್ಲಿ ಇರುವೆಯಷ್ಟಿರುವ ಗಡಿಯಾರ ಗೋಡೆಯ ಮೇಲೆ ನನ್ನ ಮುಖದಷ್ಟು ದೊಡ್ಡದಾಗಿ ಬಿದ್ದಿತ್ತು. ಚಿಲಕದ ಸದ್ದು ಕೇಳಿದಾಗ ನಾನು ಅದನ್ನೇ ನೋಡುತ್ತಿದ್ದೆ. ಆಮೇಲೂ ಬಹಳ ಹೊತ್ತು ಅದನ್ನೇ ನೋಡಿದೆ.

ಆ ಬಾಗಿಲನ್ನು ಯಾವಾಗಲೂ ತೆರೆದಿಡುತ್ತಿದ್ದ ಮರದ ತುಂಡು ಈಗ ನನ್ನ ಮೇಜಿನ ಮೇಲಿದೆ. ಅಂಗೈ ಉದ್ದದ ಹಲಸಿನ ತುಂಡು, ಒಂದು ಕಡೆ ದಪ್ಪ, ಇನ್ನೊಂದು ಕಡೆ ನಾಲಿಗೆಯಂತೆ ತೆಳು. ಮೂಗಿಗೆ ಹಿಡಿದರೆ ಮರದ ವಾಸನೆ ಬರುವುದಿಲ್ಲ, ಬೋರ್ಡಿನ ಮೇಲೆ ಬರೆಯುವ ಮಾರ್ಕರ್ ಪೆನ್ನಿನ ವಾಸನೆ ಬರುತ್ತದೆ. ಟೀಚರ ಚೀಲದಲ್ಲಿ ಎರಡೂ ವರ್ಷಗಟ್ಟಲೆ ಒಟ್ಟಿಗೆ ಇದ್ದವು. ಹೋದ ತಿಂಗಳು ಅವರ ತಂಗಿ ಸಿದ್ದಾಪುರದಿಂದ ಬಂದು ಇದನ್ನು ನನ್ನ ಕೈಗೆ ಕೊಟ್ಟರು.

"ಇದೆಂತಕೆ ಹೇಳಿ ಎಂಗೆ ಗೊತ್ತಾಜಿಲ್ಲೆ. ಬಚ್ಚಲೊಲೆಗೆ ಹಾಕ್ತಿದ್ದಿ. ಅಷ್ಟರಲ್ಲಿ ನಿನ್ನ ನೆನಪಾತು," ಎಂದರು. ಏತಕ್ಕೆಂದು ತಿಳಿಯದೆ ಒಲೆಗೆ ಹಾಕುವವರಿದ್ದರಂತೆ.

ಟೀಚರು ಸಿದ್ದಾಪುರದ ಕಡೆಯ ಪ್ರೌಢಶಾಲೆಯೊಂದರಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದವರು. ತಿಂಗಳ ಎರಡನೇ ಭಾನುವಾರ ಬಸ್ಸು ಹಿಡಿದು ಶಿರಸಿಗೆ ಬರುತ್ತಿದ್ದರು. ಬಸ್ ನಿಲ್ದಾಣದಿಂದ ತುಸು ದೂರದಲ್ಲಿ ಒಂದು ಝೆರಾಕ್ಸ್ ಅಂಗಡಿ, ಅದರ ಮೇಲೆ ಟ್ಯೂಷನ್ ನಡೆಯುವ ಒಂದೇ ಕೋಣೆ. ಅಲ್ಲಿ ನಮ್ಮ ಕೂಟ. ಪ್ರೋಗ್ರಾಮಿಂಗ್ ಕಲಿಯುವವರು, ಕಲಿತವರು, ಕಲಿತು ಮರೆತವರು ಎಲ್ಲರೂ ಬರಬಹುದಿತ್ತು. ನಾನು ಬಿ.ಸಿ.ಎ. ಮುಗಿಸಿ ಊರಿನಲ್ಲೇ ಒಂದು ಕಚೇರಿಯ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದೆ. ಕಲಿತದ್ದು ತುಕ್ಕು ಹಿಡಿಯದಿರಲಿ ಎಂದು ಅಲ್ಲಿಗೆ ಹೋಗತೊಡಗಿದೆ.

ಮೆಟ್ಟಿಲು ಹತ್ತಿ ಬಂದ ಕೂಡಲೇ ಅವರು ಮಾಡುತ್ತಿದ್ದ ಮೊದಲ ಕೆಲಸ ಬಾಗಿಲಿನ ಕೆಳಗೆ ಈ ತುಂಡನ್ನು ಸಿಕ್ಕಿಸಿ ಕಾಲಿನಿಂದ ಒತ್ತುವುದು. ಬಾಗಿಲು ತೆರೆದೇ ಇರಬೇಕು. ಚಳಿಗಾಲದ ಗಾಳಿಗೆ ನಾವು ಗೊಣಗಿದರೆ, "ಸ್ವೆಟರ್ ಹಾಕ್ಕಂಡು ಬನ್ನಿ," ಎನ್ನುತ್ತಿದ್ದರು. ಮೊದಲ ಸಲ ಬಂದವರು ಹೊರಗೆ ನಿಂತು ಒಳಗೆ ಯಾರಿದ್ದಾರೆಂದು ನೋಡಬೇಕು, ಬೇಡ ಅನ್ನಿಸಿದರೆ ಯಾರಿಗೂ ಹೇಳದೆ ಇಳಿದು ಹೋಗಬೇಕು, ಒಳಗೆ ಕೂತವರಿಗೂ ಹಾಗೇ ಅನ್ನಿಸಿದರೆ ಎದ್ದು ಹೋಗಲು ಯಾರ ಅಪ್ಪಣೆಯೂ ಬೇಕಾಗಬಾರದು... ಇದು ಅವರ ಲೆಕ್ಕ. ಎದುರು ಬದಿಯ ಚಹಾದಂಗಡಿಯಿಂದ ನೋಡಿದರೂ ನಮ್ಮ ಕೋಣೆಯ ಒಳಗೋಡೆ ಕಾಣುತ್ತಿತ್ತು.

ಇಷ್ಟೆಲ್ಲ ಯೋಚಿಸುತ್ತಿದ್ದ ಅವರೇ ಒಂದು ತಪ್ಪು ಮಾಡಿದರು. ನಮ್ಮ ಕಡೆಯವರು ಮಾತ್ರ ಮಾಡಬಹುದಾದ ತಪ್ಪು ಅದು, ಪ್ರೀತಿಯಿಂದಲೇ ಮಾಡುವಂಥದ್ದು.

ಒಂದು ಭಾನುವಾರ ಯಲ್ಲಾಪುರದಲ್ಲಿ ಪದವಿ ಓದುತ್ತಿದ್ದ ಹುಡುಗಿಯೊಬ್ಬಳು ಬಂದಳು. ಹೊಸ್ತಿಲಲ್ಲೇ ನಿಂತಿದ್ದಳು. ಊರು ಉಮ್ಮಚಗಿ ಎಂದದ್ದೇ ತಡ, ಅಲ್ಲಿಯವರೆಗೆ ಎಲ್ಲರೊಡನೆ ಪೇಟೆಯ ಕನ್ನಡ ಆಡುತ್ತಿದ್ದ ಟೀಚರ ಬಾಯಿಗೆ ಮನೆಮಾತು ಬಂದುಬಿಟ್ಟಿತು.

"ಹೋ, ಉಮ್ಮಚಗಿಯಾ? ಯಾರ ಮನೆ ಕೂಸೆ ನೀನು?"

ಅವಳು ಅಪ್ಪನ ಹೆಸರು ಹೇಳಿದಳು.

"ಶಾಲೆ ದಾಟಿ ಎಡಕ್ಕೆ ಇಳಿಯ ಮನೆ ಅಲ್ದನೆ? ಅಲ್ಲಿಂದ ದಿನಾ ಬಸ್ಸಿಗೆ ಹೋಗ್ತ್ಯ ಕಾಲೇಜಿಗೆ?"

ಹುಡುಗಿಯ ಮುಖ ಅರಳಿತು. ಇಲ್ಲಿ ಹೊಸಬರನ್ನು ಒಳಗೆ ಕರೆದುಕೊಳ್ಳುವುದೇ ಹೀಗೆ. ಯಾವೂರು, ಯಾರ ಮನೆ, ಅವರಿಗೆ ನೀನು ಏನಾಗಬೇಕು ಎಂದು ಕೇಳುತ್ತಾ ಹೋದರೆ ಮೂರನೇ ಪ್ರಶ್ನೆಗೆ ಒಂದು ಸಂಬಂಧ ಸಿಕ್ಕೇ ಸಿಗುತ್ತದೆ. ಆಮೇಲೆ ಆ ಮನುಷ್ಯ ಹೊರಗಿನವನಲ್ಲ. ಕೋಣೆಯಲ್ಲಿದ್ದ ನಾವೆಲ್ಲ ನಗುತ್ತಾ ಕೇಳಿಸಿಕೊಂಡೆವು. ಪ್ರಾಜೆಕ್ಟರ್ ಜೋಡಿಸುತ್ತಿದ್ದವನೂ ಕೇಳಿಸಿಕೊಂಡ.

ಅವನಿಗೆ ಶಿರಸಿಯಲ್ಲೇ ಕಂಪ್ಯೂಟರ್ ಅಂಗಡಿ ಇತ್ತು. ಅಂಗಡಿ, ಮನೆ, ಸಭಾಭವನಗಳಿಗೆ ಕ್ಯಾಮೆರಾ ಹಾಕಿಕೊಡುವ ಕೆಲಸವನ್ನೂ ಮಾಡುತ್ತಿದ್ದ. ನಮ್ಮ ಪ್ರಾಜೆಕ್ಟರ್ ಅವನದು, ಇಂಟರ್ನೆಟ್ಟೂ ಅವನೇ ಎಳೆಸಿಕೊಟ್ಟದ್ದು. ಎಲ್ಲರಿಗಿಂತ ಹೆಚ್ಚು ಗೊತ್ತಿದ್ದವನು, ಕೇಳಿದರೆ ಬೇಸರವಿಲ್ಲದೆ ಹೇಳಿಕೊಡುತ್ತಿದ್ದ. ಹುಡುಗಿಯರಿಗೆ ಹೇಳಿಕೊಡುವಾಗ ಮೌಸಿನ ಮೇಲಿದ್ದ ಕೈಯ ಮೇಲೆಯೇ ಕೈ ಇಡುತ್ತಿದ್ದ. ಟೀಚರು ನೋಡಿದಾಗಲೆಲ್ಲ, "ಬಾಯಲ್ಲಿ ಹೇಳು, ಕೈ ಅವರದೇ ಓಡಲಿ," ಎನ್ನುತ್ತಿದ್ದರು. ಅವನು ನಕ್ಕು ಕೈ ತೆಗೆಯುತ್ತಿದ್ದ.

ಉಮ್ಮಚಗಿಯ ಹುಡುಗಿ ಒಂದು ಪ್ರೋಗ್ರಾಮ್ ಬರೆಯುತ್ತಿದ್ದಳು. ಊರಿನ ಹೆಸರು ಒತ್ತಿದರೆ ಮುಂದಿನ ಬಸ್ಸು ಎಷ್ಟು ಹೊತ್ತಿಗೆ ಎಂದು ಕನ್ನಡದಲ್ಲಿ ಓದಿ ಹೇಳಬೇಕು, ಕಣ್ಣು ಕಾಣದ ಅವಳ ಅಜ್ಜಿಗೆ. ಅದಕ್ಕೆ ಸಹಾಯ ಮಾಡುವ ನೆಪದಲ್ಲಿ ಅವನ ಮೆಸೇಜುಗಳು ಶುರುವಾದವು. ಮೊದಲು ಪ್ರೋಗ್ರಾಮಿನ ಮಾತು, ಆಮೇಲೆ ಅವಳು ಹಾಕಿಕೊಂಡು ಬಂದ ಚೂಡಿದಾರದ ಮಾತು, ಆಮೇಲೆ ಇಲ್ಲಿ ಬರೆಯಲಾಗದ ಮಾತು. ಅವಳು ಉತ್ತರ ಕೊಡುವುದನ್ನು ನಿಲ್ಲಿಸಿದಳು. ಒಂದು ಬೆಳಿಗ್ಗೆ ಉಮ್ಮಚಗಿಯ ಬಸ್ಸು ನಿಲ್ಲುವಲ್ಲಿ ಅವನ ಬೈಕು ನಿಂತಿತ್ತು. ಈ ಕಡೆ ಕ್ಯಾಮೆರಾ ಕೆಲಸ ಇತ್ತು, ಕೂರು, ಯಲ್ಲಾಪುರಕ್ಕೆ ಬಿಡುತ್ತೇನೆ ಎಂದನಂತೆ. ಅವಳು ಹತ್ತಲಿಲ್ಲ. ಮಾರನೇ ದಿನವೂ ಬೈಕು ನಿಂತಿತ್ತು. ಬಸ್ಸು ಹೊರಟರೆ ಅವಳು ಕೂತ ಕಿಟಕಿಯ ಪಕ್ಕದಲ್ಲೇ ಓಡಿಸಿಕೊಂಡು ಬರುತ್ತಿದ್ದ.

ಮುಂದಿನ ಕೂಟದ ದಿನ ನೀರು ಕುಡಿಯಲು ಹೋದಾಗ ಅವಳು ನನಗೆ ಹೇಳಿದ್ದು ಒಂದೇ ಮಾತು, ಇನ್ನು ಬರುವುದಿಲ್ಲ ಎಂದು. "ಅಕ್ಕ, ಆನು ಇನ್ನು ಇಲ್ಲಿಗೆ ಬತ್ನಿಲ್ಲೆ." ನಾನು ಅವಳನ್ನು ಟೀಚರ ಹತ್ತಿರ ಕರೆದುಕೊಂಡು ಹೋದೆ. ಅಲ್ಲಿ ಅವಳು ಎಲ್ಲ ಹೇಳಿದಳು.

ಟೀಚರು ಅವಳ ಮೊಬೈಲು ಕೇಳಲಿಲ್ಲ. ಯಾಕೆ ಮೊದಲೇ ಹೇಳಲಿಲ್ಲ ಎಂದು ಕೇಳಲಿಲ್ಲ. "ನಿಂಗೆ ಎಂತ ಆಗವು ಹೇಳು. ಅದನ್ನೇ ಮಾಡನ," ಎಂದರು.

"ಎಂಗೆ ಇಲ್ಲಿಗೆ ಬರವು. ಅಂವ ಇಪ್ಪಲಾಗ."

ತಾನು ಬರಬೇಕು, ಅವನು ಇರಬಾರದು. ಅವಳು ಕೇಳಿದ್ದು ಅಷ್ಟೇ.

ಅವಳು ಹೋದ ಮೇಲೆ ಟೀಚರು, "ಯಾರ ಮನೆ ಹೇಳಿ ಕೇಳಿದ್ದು ಆನು. ಅಂವಂಗೆ ದಾರಿ ತೋರ್ಸಿ ಕೊಟ್ಟಂಗಾತು," ಎಂದರು. ಆಮೇಲೆ ನನ್ನೆದುರಿಗೇ ಅವನಿಗೆ ಫೋನು ಮಾಡಿ, ಇನ್ನು ಕೂಟಕ್ಕೆ ಬರಬೇಡ, ಕಾರಣ ನಿನಗೆ ಗೊತ್ತಿದೆ ಎಂದರು. ಆ ಕಡೆಯಿಂದ ಜಗಳವೇನೂ ಬರಲಿಲ್ಲ.

"ಅಡ್ಡಿಲ್ಲೆ ಟೀಚರ್," ಎಂದ ಅವನು. "ಪ್ರಾಜೆಕ್ಟರ್ ನಂದು. ಬಪ್ಪ ಕೂಟದ ದಿನ ತಗಂಡು ಹೋಗ್ತೆ."

ಅಡ್ಡಿಲ್ಲೆ ಎನ್ನುವುದು ನಮ್ಮ ಕಡೆ ದಿನಕ್ಕೆ ನೂರು ಸಲ ಕೇಳುವ ಮಾತು. ಪರವಾಗಿಲ್ಲ, ಆಗಬಹುದು, ಚೆನ್ನಾಗಿದೆ, ಎಲ್ಲಕ್ಕೂ ಅದೇ. ಈಗ ಯಾರಾದರೂ ಮೆತ್ತಗೆ ಹಾಗೆಂದರೆ ನನ್ನ ಬೆನ್ನು ತಣ್ಣಗಾಗುತ್ತದೆ.

ಮುಂದಿನ ಕೂಟದ ಭಾನುವಾರ ಉಳಿದವರೆಲ್ಲ ಚಹಾಕ್ಕೆ ಇಳಿದು ಹೋಗಿದ್ದರು. ಹುಡುಗಿ ತನ್ನ ಪ್ರೋಗ್ರಾಮನ್ನು ಟೀಚರಿಗೆ ತೋರಿಸುತ್ತಿದ್ದಳು, ನಾನು ವೈರು ಸುತ್ತುತ್ತಿದ್ದೆ. ಅವನು ಬಂದ. ಪ್ರಾಜೆಕ್ಟರಿನ ಕಡೆ ನೋಡಲಿಲ್ಲ. ಬಾಗಿಲ ಬುಡದ ತುಂಡನ್ನು ಚಪ್ಪಲಿಯ ತುದಿಯಿಂದ ತಳ್ಳಿದ. ಅದು ಜಾರಿ ಬೆಂಚಿನ ಕೆಳಗೆ ಹೋಯಿತು. ಚಿಲಕ ಹಾಕಿ, ಕಬ್ಬಿಣದ ಕುರ್ಚಿಯೊಂದನ್ನು ಎಳೆದು ಬಾಗಿಲಿಗೆ ಬೆನ್ನು ಕೊಟ್ಟು ಕೂತ. ಮೊಬೈಲು ತೆಗೆದು ಹುಡುಗಿಯ ಕಡೆ ಹಿಡಿದ.

"'ನಾನು ಸುಳ್ಳು ಹೇಳಿದ್ದೆ' ಅಂತ ಇವಳು ಒಂದು ಮಾತು ಹೇಳ್ಲಿ. ರೆಕಾರ್ಡ್ ಆಗ್ತಾ ಇದೆ. ಹೇಳಿದ ಕೂಡ್ಲೇ ಬಾಗಿಲು ತೆಗೀತೆ. ನನ್ನ ಅಂಗಡಿ ಮರ್ಯಾದೆ ಪ್ರಶ್ನೆ."

ದನಿ ಏರಿರಲಿಲ್ಲ. ಪಾಠ ಹೇಳಿಕೊಡುತ್ತಿದ್ದ ಅದೇ ದನಿ. ಟೀಚರು ಎದ್ದು ಹೋಗಿ ಮೊಬೈಲಿಗೂ ಹುಡುಗಿಗೂ ನಡುವೆ ನಿಂತರು. ಪ್ರಾಜೆಕ್ಟರಿನ ಬೆಳಕು ಅವರ ಮೇಲೆ ಬಿತ್ತು. ಉಮ್ಮಚಗಿ, ಮಂಚೀಕೇರಿ, ಯಲ್ಲಾಪುರ ಎಂಬ ಅಕ್ಷರಗಳು ಅವರ ಸೀರೆಯ ಮೇಲೆ ಮಡಿಕೆ ಮಡಿಕೆಯಾಗಿ ಹರಡಿದವು.

"ನಂದು ತೆಗಿ," ಎಂದರು. "ಈ ವಯಸ್ಸಿಗೆ ಯಾರೂ ನನ್ನ ಫೋಟೋ ತೆಗಿಯೂದಿಲ್ಲ."

"ಪಕ್ಕಕ್ಕೆ ಹೋಗಿ ಟೀಚರ್."

"ಹೋಗೂದಿಲ್ಲ."

ಅವನು ಮೊಬೈಲನ್ನು ಬಲಕ್ಕೆ ಸರಿಸಿದರೆ ಅವರೂ ಬಲಕ್ಕೆ, ಎಡಕ್ಕೆ ಸರಿಸಿದರೆ ಎಡಕ್ಕೆ. ಗೋಡೆಯ ಮೇಲಿನ ಬೆಳಕಿನ ಗಡಿಯಾರ ಒಂದೊಂದೇ ಅಂಕಿ ಬದಲಿಸುತ್ತಿತ್ತು. ನನ್ನ ಒಂದು ಕೈಯಲ್ಲಿ ವೈರಿತ್ತು. ಹುಡುಗಿ ನನ್ನ ಇನ್ನೊಂದು ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ... ಅವಳ ಉಗುರಿನ ಗುರುತು ಮಾಸಲು ಬಹಳ ದಿನ ಬೇಕಾಯಿತು. ಅವನು ಒಮ್ಮೆಲೇ ಎದ್ದು ಕುರ್ಚಿಯನ್ನು ಎತ್ತಿದ. ಹೊಡೆಯಲಿಲ್ಲ, ಅದರಿಂದಲೇ ಟೀಚರನ್ನು ತಳ್ಳಿದ. ಅವರು ಮೇಜಿನ ಅಂಚಿಗೆ ಬಿದ್ದರು. ಮಣಿಕಟ್ಟು ಮುರಿದ ಸದ್ದು ಒಣ ಕಡ್ಡಿ ಮುರಿದಷ್ಟೇ ಸಣ್ಣದಾಗಿ ಕೇಳಿಸಿತು. ಬಿದ್ದವರು ಎದ್ದು ಮತ್ತೆ ಅದೇ ಜಾಗದಲ್ಲಿ ನಿಂತರು.

ಆಗ ಮೆಟ್ಟಿಲ ಮೇಲೆ ಹೆಜ್ಜೆ ಕೇಳಿತು. ಕೆಳಗಿನ ಝೆರಾಕ್ಸ್ ಅಂಗಡಿಯವರು ಹಾನಗಲ್ ಕಡೆಯಿಂದ ಬಂದು ಇಲ್ಲಿ ನೆಲೆಸಿದವರು. ಎದುರು ಬದಿಯಲ್ಲಿ ಚಹಾ ಕುಡಿಯುತ್ತಾ ಸುಮ್ಮನೆ ತಲೆಯೆತ್ತಿದ್ದರಂತೆ. ನಮ್ಮ ಕೋಣೆಯ ಒಳಗೋಡೆ ಕಾಣಲಿಲ್ಲ, ಬಾಗಿಲು ಕಂಡಿತು. ಆ ಬಾಗಿಲು ಯಾವ ಬಣ್ಣದ್ದೆಂದು ಅವರಿಗೆ ಅವತ್ತೇ ಗೊತ್ತಾದದ್ದು.

"ಯಾಕ್ರೀ ಟೀಚರ, ಇವತ್ತ ಬಾಗಲಾ ಹಾಕ್ಕೊಂಡೀರಿ? ತಗೀರಿ."

ಅವರು ಬಾಗಿಲು ಬಡಿಯತೊಡಗಿದರು, ಕೆಳಗಿದ್ದವರನ್ನು ಕೂಗಿ ಕರೆದರು. ಮೆಟ್ಟಿಲು ತುಂಬ ಕಾಲಿನ ಸದ್ದಾಯಿತು. ಅವನು ಮೊಬೈಲನ್ನು ಜೇಬಿಗೆ ಹಾಕಿದ, ಕುರ್ಚಿಯನ್ನು ಅದರ ಜಾಗದಲ್ಲಿ ಇಟ್ಟ, ಅಂಗಿ ಸರಿಮಾಡಿಕೊಂಡು ಬಾಗಿಲು ತೆಗೆದ. ಮುಖದಲ್ಲಿ ನಗುವಿತ್ತು.

"ಎಂತ ಇಲ್ಲ. ಗಾಳಿಗೆ ಹಾಕ್ಕಂಡಿತ್ತು."

ಅಂಗಡಿಯವರು ನಮ್ಮ ಮೂವರ ಮುಖ ನೋಡಿದರು. ಬೆಂಚಿನ ಕೆಳಗಿನ ತುಂಡು ನೋಡಿದರು. "ಗಾಳಿಗೆ ಬಾಗಲಾ ಬೀಳ್ತೈತಿ. ಚಿಲಕ ಬೀಳತೈತೇನ್ರೀ?" ಎಂದರು.

ಇದರ ಹಿಂದೆಯೇ ಟೀಚರ ಮನೆಗೆ ನಮ್ಮವರಲ್ಲಿ ಕೆಲವು ಹಿರಿಯರು ಬಂದರು. ನಾನು ಅವತ್ತು ಅವರ ಜೊತೆಗಿದ್ದೆ. ಎಲೆಯಡಿಕೆಯ ಕವಳ ಹಾಕುತ್ತಾ, "ಎಲ್ಲ ನಮ್ಮೋರೇ ಅಲ್ದ ಟೀಚರೆ, ಕೂತು ಮಾತಾಡಿ ಮುಗ್ಸಿದ್ರೆ ಆತು. ಪೋಲೀಸು ಗೀಲೀಸು ಎಂತಕೆ?" ಎಂದರು. ಟೀಚರ ಕೈ ಪಟ್ಟಿಯಲ್ಲಿ ತೂಗುತ್ತಿತ್ತು.

"ನಮ್ಮೋರು ಹೇಳ ಧೈರ್ಯಕ್ಕೇ ಅಂವ ಬಾಗಿಲು ಹಾಕಿದ್ದು. ಬೇರೆಯವ್ರಾಗಿದ್ರೆ ಹೆದರ್ತಿದ್ದ," ಎಂದರು ಟೀಚರು. ಹುಡುಗಿಯನ್ನು ಕೇಳಿ, ಅವಳು ಹೂಂ ಎಂದ ಮೇಲೆ, ತಮ್ಮ ಹೆಸರಿನಲ್ಲೇ ದೂರು ಕೊಟ್ಟರು. ನಾನು ಸಾಕ್ಷಿ. ಪ್ರಕರಣ ಇನ್ನೂ ನಡೆಯುತ್ತಿದೆ. ಅವನ ಅಂಗಡಿಯೂ ನಡೆಯುತ್ತಿದೆ. ಪೇಟೆಯಲ್ಲಿ ಹೋಗುವಾಗ ತಲೆಯ ಮೇಲೆ ಕ್ಯಾಮೆರಾ ಕಂಡರೆ, ಇದು ಅವನು ಹಾಕಿದ್ದೇ ಇರಬೇಕು ಎನ್ನಿಸಿ ನಾನು ರಸ್ತೆಯ ಆಚೆ ಬದಿಗೆ ದಾಟುತ್ತೇನೆ. ಆಚೆ ಬದಿಯಲ್ಲೂ ಇರುತ್ತವೆ.

ಪಟ್ಟಿ ಬಿಚ್ಚುವ ಮೊದಲೇ ಟೀಚರು ಮತ್ತೆ ಕೋಣೆ ತೆಗೆಸಿದರು. ಪ್ರಾಜೆಕ್ಟರ್ ಇರಲಿಲ್ಲ, ಬೋರ್ಡಿನ ಮೇಲೆ ಎಡಗೈಯಲ್ಲಿ ಬರೆದರು. ಅವತ್ತಿನಿಂದ ಪ್ರತಿ ಸಲ ಶುರುವಿನಲ್ಲಿ ಅವರು ಹೇಳುತ್ತಿದ್ದದ್ದು ನನಗೆ ಬಾಯಿಪಾಠ. ಇಲ್ಲಿ ಯಾರನ್ನೂ ಯಾವೂರು, ಯಾರ ಮನೆ ಅಂತ ಕೇಳುವುದಿಲ್ಲ. ಎಂತ ಮಾಡ್ತಾ ಇದ್ದೀರಿ ಅಂತ ಕೇಳಿ. ನಂಬರು ಅವರಾಗಿ ಕೊಟ್ಟರೆ ಮಾತ್ರ. ಏನಾದರೂ ಸರಿ ಕಾಣದಿದ್ದರೆ ನನಗೋ ಇವಳಿಗೋ ಹೇಳಿ. ಇವಳು ಎಂದರೆ ನಾನು.

"ಶಿರಸಿಯಲ್ಲಿ ಊರು ಕೇಳದೆ ಮಾತು ಶುರು ಮಾಡೂದು ಹ್ಯಾಂಗೆ ಟೀಚರೆ? ನಾಲಿಗೆ ತುರಿಸ್ತದೆ," ಎಂದು ಒಬ್ಬರು ನಗೆಯಾಡಿದರು. ಕೆಲವರು ಬೇಸರಪಟ್ಟು ಬರುವುದನ್ನೇ ಬಿಟ್ಟರು. ಒಂದು ವರ್ಷ ಅಕ್ಕಪಕ್ಕ ಕೂತಿದ್ದ ಇಬ್ಬರು ಯಾವುದೋ ಮದುವೆಯ ಪಂಕ್ತಿಯಲ್ಲಿ ಎದುರಾದಾಗ ತಾವು ದೂರದ ಸಂಬಂಧದಲ್ಲಿ ಸೋದರತ್ತೆ-ಸೋದರಮಾವನ ಮಕ್ಕಳೆಂದು ತಿಳಿದು ನಾಚಿದರಂತೆ. ಅದನ್ನು ಕೇಳಿ ಟೀಚರು ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದರು.

ಹುಡುಗಿ ಮಾತ್ರ ಬರಲಿಲ್ಲ. ಮನೆಯವರು ಬಿಡಲಿಲ್ಲವೋ, ಅವಳಿಗೇ ಆಗಲಿಲ್ಲವೋ. ಹೋಗಿ ಕರೆದುಕೊಂಡು ಬರೋಣವೇ ಎಂದು ನಾನು ಕೇಳಿದ್ದೆ. "ಅವಳ ಮನೆ ದಾರಿ ಗೊತ್ತಿದ್ದು ಹೇಳಿ ಹೋಪಲಾಗ. ಬಾಗಿಲು ತೆಗೆದಿಡನ," ಎಂದರು. ದಾರಿ ಗೊತ್ತಿದೆ ಎಂಬ ಕಾರಣಕ್ಕೆ ಹೋಗಬಾರದು ಎಂದು. ಪ್ರತಿ ಕೂಟದಲ್ಲೂ ಬಾಗಿಲ ಹತ್ತಿರದ ಕುರ್ಚಿಯನ್ನು ಖಾಲಿ ಬಿಡುತ್ತಿದ್ದರು. ಮಾತಿನ ನಡುವೆ ಆ ಕಡೆ ನೋಡುತ್ತಿದ್ದರು... ನೋಡುತ್ತಲೇ ಇದ್ದರು. ಆಮೇಲೆ ಅವರಿಗೆ ಕಾಯಿಲೆ ಬಂತು. ಹುಬ್ಬಳ್ಳಿಯ ಆಸ್ಪತ್ರೆಗೆ ಹೋದವರು ಮತ್ತೆ ಶಿರಸಿಯ ಮೆಟ್ಟಿಲು ಹತ್ತಲಿಲ್ಲ, ಅಲ್ಲೇ ತೀರಿಕೊಂಡರು.

ಚಿಲಕ ಬಿದ್ದ ಆ ಸಂಜೆಯಿಂದ ನಾನು ಸರಿಯಾಗಿ ನಿದ್ದೆ ಮಾಡಿರಲಿಲ್ಲ. ಅಮ್ಮ ಚಿಲಕ ಹಾಕಿದ ಸದ್ದಿಗೆ ಎಚ್ಚರ. ತೆಗೆದಿಟ್ಟರೆ, ಯಾರು ಬಂದರೋ ಎಂದು ಎಚ್ಚರ. ಅರ್ಧ ತೆರೆದ ಬಾಗಿಲು ಗಾಳಿಗೆ ತಾನಾಗಿ ಮುಚ್ಚಿಕೊಂಡರೆ ಎದ್ದು ಕೂತು ಬೆಳಗಿನವರೆಗೆ ಅದನ್ನೇ ಕಾಯುತ್ತಿದ್ದೆ.

ಈ ತಿಂಗಳ ಕೂಟಕ್ಕೆ ನಾನೇ ಮೊದಲು ಹೋಗಿ ಈ ತುಂಡನ್ನು ಬಾಗಿಲ ಕೆಳಗೆ ಸಿಕ್ಕಿಸಿ ಕಾಲಿನಿಂದ ಒತ್ತಿದೆ. ಬಾಗಿಲ ಹತ್ತಿರದ ಕುರ್ಚಿ ಖಾಲಿ ಇತ್ತು. ಟೀಚರ ಮಾತುಗಳನ್ನು ಅವರ ಹಾಗೇ ಹೇಳಲು ನೋಡಿದೆ. ತಲೆಯೆತ್ತಿದಾಗ ಹೊಸ್ತಿಲಲ್ಲಿ ಅವಳು ನಿಂತಿದ್ದಳು. ಸ್ವಲ್ಪ ತೆಳ್ಳಗಾಗಿದ್ದಳು. ಒಳಗೆ ಯಾರಿದ್ದಾರೆಂದು ಒಂದೊಂದೇ ಮುಖ ನೋಡಿದಳು, ಆಮೇಲೆ ಬಂದು ಆ ಕುರ್ಚಿಯಲ್ಲಿ ಕೂತಳು. ಪಕ್ಕದಲ್ಲಿದ್ದ ಹೊಸ ಹುಡುಗಿ, "ನೀವು ಎಂತ ಮಾಡ್ತಾ ಇದ್ದೀರಿ?" ಎಂದು ಕೇಳಿದಳು.

"ಬಸ್ಸಿನ ಹೊತ್ತು ಓದಿ ಹೇಳೋದು ಒಂದು," ಎಂದಳು. "ಅಜ್ಜಿಗೆ ಅಂತ ಶುರು ಮಾಡಿದ್ದೆ. ಅರ್ಧ ಆಗಿದೆ."

ಸಂಜೆ ಕೋಣೆಗೆ ಬೀಗ ಹಾಕುವಾಗ ತುಂಡನ್ನು ಅವಳೇ ಬಗ್ಗಿ ತೆಗೆದು ನನ್ನ ಕೈಗೆ ಕೊಟ್ಟಳು.

ಆ ರಾತ್ರಿ ಅದನ್ನು ನನ್ನ ಮಲಗುವ ಕೋಣೆಯ ಬಾಗಿಲಿಗೆ ಸಿಕ್ಕಿಸಿದೆ. ಬೆಕ್ಕು ಬಂದು ಹಾಸಿಗೆ ಮೇಲೆ ಮಲಗ್ತದೆ ನೋಡು ಎಂದು ಅಮ್ಮ ಗೊಣಗಿದಳು. ಕಣ್ಣು ಬಿಟ್ಟಾಗ ಬೆಳಗಾಗಿತ್ತು. ಬಾಗಿಲು ನಾನು ಬಿಟ್ಟ ಜಾಗದಲ್ಲೇ ತೆರೆದಿತ್ತು, ಬೆಕ್ಕು ನನ್ನ ಕಾಲ ಬುಡದಲ್ಲಿ ಮಲಗಿತ್ತು. ಅವಳು ಬಂದಿದ್ದಾಳೆ ಎಂದು ಹೇಳಲು ಮೊಬೈಲು ಎತ್ತಿಕೊಂಡೆ. ಟೀಚರ ನಂಬರು ಅದರಲ್ಲಿ ಇನ್ನೂ ಇದೆ... ನೋಡಿದೆ, ಮತ್ತೆ ಕೆಳಗಿಟ್ಟೆ.